ಏಳು ವರ್ಷ ಬಳಸಿದ ಮೇಲೆ: ವಿಶೇಷ ಶಿಕ್ಷಣದ ಐಇಪಿ ಸಭೆ, ಮತ್ತು ನಲ್ಲಿ ತಿರುಗಿಸಿದ ಕೈ

‘ಕೈ ತೊಳೆಯುವುದು: 5ರಲ್ಲಿ 4 ಸಲ ಸ್ವತಂತ್ರವಾಗಿ. ಗುರಿ ಸಾಧಿಸಲಾಗಿದೆ.’

ನನ್ನ ಮಗಳ ಐಇಪಿಯಲ್ಲಿ, ಅಂದರೆ ಅವಳಿಗೆಂದೇ ಶಾಲೆಯಲ್ಲಿ ಬರೆಯುವ ಶಿಕ್ಷಣ ಯೋಜನೆಯಲ್ಲಿ, ಈ ಸಾಲಿನ ಕೆಳಗೆ ಸಹಿ ಹಾಕಿ ಮನೆಗೆ ಬಂದ ಸಂಜೆ ಅವಳು ನಲ್ಲಿಯ ಮುಂದೆ ಎರಡೂ ಕೈ ಚಾಚಿಕೊಂಡು ನಿಂತಿದ್ದಳು. ನಲ್ಲಿ ಮುಟ್ಟಲಿಲ್ಲ. ನನ್ನ ಮುಖ ನೋಡಲಿಲ್ಲ. ನೀರು ಬರುತ್ತದೆ ಅಂತ ಸುಮ್ಮನೆ ಕಾಯುತ್ತಿದ್ದಳು. ನಾನು ನಲ್ಲಿ ಬಿಟ್ಟ ತಕ್ಷಣ ಸೋಪು ತೆಗೆದುಕೊಂಡು, ಉಜ್ಜಿ, ತೊಳೆದು, ಟವೆಲ್‌ಗೆ ಒರೆಸಿಕೊಂಡು ಹೋದಳು. ಶಾಲೆಯವರು ಸುಳ್ಳು ಬರೆದಿದ್ದಾರೆ ಅಂತ ಅವತ್ತು ನನಗೆ ಅನಿಸಿತ್ತು. ಅದು ಸುಳ್ಳಲ್ಲ ಅಂತ ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ಮಗಳಿಗೆ ಈಗ 13. ಆರನೇ ವಯಸ್ಸಿನಿಂದ ಒಂದೇ ಕಡೆ ವಿಶೇಷ ಶಿಕ್ಷಣ ಪಡೆಯುತ್ತಿದ್ದಾಳೆ. ಮಾತು ಬಂದಿಲ್ಲ, ಚಿತ್ರದ ಕಾರ್ಡುಗಳಲ್ಲಿ ಮಾತಾಡುತ್ತಾಳೆ. ಎಷ್ಟು ಥೆರಪಿ ಕೋಣೆಗಳಿವೆ, ಏನೇನು ಸಲಕರಣೆಗಳಿವೆ ಎನ್ನುವುದನ್ನೆಲ್ಲ ಸೇರಿಸುವ ಮೊದಲೇ ನೀವು ನೋಡಿರುತ್ತೀರಿ, ಅದನ್ನು ಬಿಡುತ್ತೇನೆ. ಈ ಸೇವೆ ಹೇಗೆ ನಡೆಯುತ್ತಿದೆ ಎಂದು ನೋಡುವ, ತಿದ್ದುವ ಕೆಲಸದಲ್ಲಿ ನಮ್ಮನ್ನು ಎಷ್ಟು ಒಳಗೆ ಬಿಟ್ಟುಕೊಂಡರು ಅನ್ನುವುದಷ್ಟೇ ಈ ವಿಮರ್ಶೆ.

ಮೊದಲು ಡೈರಿಯ ಬಗ್ಗೆ ಹೇಳಲೇಬೇಕು. ಅಷ್ಟು ಇಷ್ಟ ಅದು ನನಗೆ. ನೀಲಿ ರಟ್ಟಿನ ಸಾದಾ ನೋಟ್‌ಬುಕ್. ಎಡಗಡೆ ಪುಟ ಶಾಲೆಯದು, ಬಲಗಡೆ ಪುಟ ಮನೆಯದು. ಸಂಜೆ ಬ್ಯಾಗ್ ಬಿಚ್ಚಿದರೆ ಕೈ ಮೊದಲು ಹೋಗುವುದು ಅದಕ್ಕೇ. ನೀರಿನ ಬಾಟಲಿಯ ತೇವಕ್ಕೆ ಅದರ ಒಂದು ಮೂಲೆ ಯಾವಾಗಲೂ ಉಬ್ಬಿರುತ್ತದೆ. ‘ಇವತ್ತು ಪಕ್ಕದಲ್ಲಿ ಕೂತ ಹುಡುಗನಿಗೆ ತಾನಾಗಿಯೇ ಬಣ್ಣದ ಪೆನ್ಸಿಲ್ ಕೊಟ್ಟಳು’ ಅಂತ ಮಿಸ್ ಒಂದು ಸಾಲು ಬರೆದಿದ್ದರೆ ಅದನ್ನು ಮನೆಯವರೆಲ್ಲ ಒಬ್ಬೊಬ್ಬರಾಗಿ ಓದುತ್ತೇವೆ. ರಾತ್ರಿ ಅವಳು ಮಲಗಿದ ಮೇಲೆ ನನ್ನ ಪುಟ ತುಂಬಿಸುತ್ತೇನೆ: ನಿದ್ದೆ ಎಷ್ಟು ಹೊತ್ತು, ಫಿಟ್ಸ್ ಬಂತಾ, ಯಾವ ಕಾರ್ಡು ಎಷ್ಟು ಸಲ ತೆಗೆದಳು. ಏಳು ವರ್ಷದಲ್ಲಿ ಇಂಥ 19 ಡೈರಿಗಳಾಗಿವೆ. ಒಂದನ್ನೂ ಎಸೆದಿಲ್ಲ.

ಇಷ್ಟು ಚೆನ್ನಾಗಿ ದಿನಾ ಮಾತಾಡುವ ಜನ ಮೂರು ತಿಂಗಳಿಗೊಮ್ಮೆ ಎದುರುಬದುರು ಕೂತಾಗ ಯಾಕೆ ಮಾತು ನಿಲ್ಲಿಸುತ್ತಾರೆ ಎನ್ನುವುದು ನನ್ನನ್ನು ಬಹಳ ವರ್ಷ ಕಾಡಿದೆ.

ಮೊದಲ ನಾಲ್ಕು ವರ್ಷ ಐಇಪಿ ಸಭೆ ಹೀಗಿತ್ತು. ಕೆಲಸದ ದಿನ, ಬೆಳಿಗ್ಗೆ 11ಕ್ಕೆ. ಅಂದರೆ ನನಗೆ ಅರ್ಧ ದಿನದ ರಜೆ, ವರ್ಷಕ್ಕೆ ನಾಲ್ಕು ಸಲ. ಹೋದರೆ ಕಾಗದ ಆಗಲೇ ಟೈಪ್ ಆಗಿರುತ್ತಿತ್ತು. ಗುರಿಗಳು, ಶೇಕಡಾವಾರು ಪ್ರಗತಿ, ಮುಂದಿನ ಮೂರು ತಿಂಗಳ ಯೋಜನೆ, ಕೆಳಗೆ ‘ಪೋಷಕರ ಸಹಿ’ ಅಂತ ಖಾಲಿ ಗೆರೆ. ಇಪ್ಪತ್ತು ನಿಮಿಷ ಓದಿ ಹೇಳುತ್ತಿದ್ದರು. ಕೊನೆಗೆ ಪೆನ್ನು ಮುಂದೆ ಚಾಚುತ್ತಲೇ, “ನಿಮಗೇನಾದರೂ ಹೇಳೋದಿದೆಯಾ?” ಅಂತ ಕೇಳುತ್ತಿದ್ದರು. ಹೊರಗೆ ಮುಂದಿನ ಮಗುವಿನ ಅಪ್ಪ ಅಮ್ಮ ಕಾಯುತ್ತಿರುವಾಗ, ಚಾಚಿದ ಪೆನ್ನಿನ ಮುಂದೆ ಯಾರು ಏನು ಹೇಳಲು ಸಾಧ್ಯ? ಸಹಿ ಹಾಕಿ ಬರುತ್ತಿದ್ದೆ.

ಆಮೇಲೆ ಓದಿ ತಿಳಿದುಕೊಂಡೆ. ಪ್ರತಿ ಮಗುವಿಗೂ ಪ್ರತ್ಯೇಕವಾದ ಶಿಕ್ಷಣ ಯೋಜನೆ, ಅಂದರೆ ಐಇಪಿ ಅನ್ನುವುದು, ಕಾನೂನಿನ ರೂಪ ಪಡೆದದ್ದು ಅಮೆರಿಕದ 1975ರ ಕಾಯ್ದೆಯಲ್ಲಿ. ಆ ಕಾಯ್ದೆಯಲ್ಲೇ ತಂದೆ ತಾಯಿ ಯೋಜನೆ ರೂಪಿಸುವವರ ಸಾಲಿನಲ್ಲಿದ್ದಾರೆ. ಟೈಪ್ ಆದ ಕಾಗದಕ್ಕೆ ಸಹಿ ಹಾಕುವುದು ಆ ಪಾತ್ರವಲ್ಲ. ಈ ಪದ್ಧತಿ ಬೇರೆ ಬೇರೆ ಕಡೆಗೆ ಬರುವಾಗ ನಮೂನೆ ಮಾತ್ರ ಬಂದು, ತಂದೆ ತಾಯಿಯ ಕುರ್ಚಿ ಹಿಂದೆಯೇ ಉಳಿದಂತಿದೆ.

ವರ್ಷಕ್ಕೊಮ್ಮೆ ಪೋಷಕರ ಅಭಿಪ್ರಾಯದ ಫಾರಂ ಬೇರೆ ಬರುತ್ತಿತ್ತು. ಹತ್ತು ಪ್ರಶ್ನೆ, ಒಂದರಿಂದ ಐದರವರೆಗೆ ಅಂಕ. ಅದು ಬರುತ್ತಿದ್ದದ್ದು ಮಗಳ ಡೈರಿಯೊಳಗೆ, ವಾಪಸ್ ಹೋಗುತ್ತಿದ್ದದ್ದೂ ಅದರೊಳಗೇ. ಹೆಸರು ಬರೆಯಬೇಡಿ ಅಂತ ಮೇಲೆ ಅಚ್ಚಾಗಿತ್ತು ನಿಜ, ಆದರೆ ಯಾರ ಬ್ಯಾಗಿನಿಂದ ಬಂತು ಅಂತ ಗೊತ್ತಾಗದೆ ಇರುತ್ತದೆಯೇ? ನಾನು ಎಲ್ಲದಕ್ಕೂ ಐದು ಕೊಟ್ಟೆ. ದಿನಕ್ಕೆ ಆರು ಗಂಟೆ ಮಾತು ಬಾರದ ಮಗುವನ್ನು ಅವರ ಕೈಗೆ ಕೊಡುತ್ತೇನೆ, ಎರಡು ಅಂಕ ಕೊಡುವ ಧೈರ್ಯ ಎಲ್ಲಿಂದ ಬರಬೇಕು? ಈ ಐದೈದು ಅಂಕಗಳನ್ನು ಕೂಡಿಸಿ ಪೋಷಕರು ಸಂತುಷ್ಟರು ಅಂತ ವರದಿ ಆಗುತ್ತಿತ್ತು. ಅಮೆರಿಕದಲ್ಲಿ ಪ್ರತಿ ರಾಜ್ಯವೂ ಇದನ್ನೊಂದು ಮಾಪನವಾಗಿಯೇ ವರದಿ ಮಾಡಬೇಕು: ಸೇವೆ ಉತ್ತಮವಾಗಲು ಶಾಲೆ ತಮ್ಮನ್ನು ಒಳಗೊಂಡಿತು ಅಂತ ಎಷ್ಟು ಶೇಕಡಾ ಪೋಷಕರು ಹೇಳುತ್ತಾರೆ ಎಂದು. ಅದರ ಜೊತೆಗೆ, ಉತ್ತರ ಕೊಟ್ಟವರು ಎಲ್ಲ ಬಗೆಯ ಮಕ್ಕಳ ಮನೆಗಳನ್ನೂ ಪ್ರತಿನಿಧಿಸುತ್ತಾರೆಯೇ ಅಂತಲೂ ತೋರಿಸಬೇಕು. ಈ ಎರಡನೇ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳಿಕೊಂಡಿರಲಿಲ್ಲ.

ನಲ್ಲಿಯ ವಿಷಯಕ್ಕೆ ಬರುತ್ತೇನೆ. ಒಂದು ಮಧ್ಯಾಹ್ನ ಮಗಳನ್ನು ಬೇಗ ಕರೆದುಕೊಂಡು ಬರಲು ಹೋದಾಗ ಆಯಮ್ಮ ಅವಳನ್ನು ಬಾತ್‌ರೂಮಿನಿಂದ ಕರೆತರುತ್ತಿದ್ದರು. ಮಾತಿಗೆ ಮಾತು ಬಂದು, ಮನೆಯಲ್ಲಿ ಹೀಗೆ ಕೈ ಚಾಚಿ ನಿಲ್ಲುತ್ತಾಳೆ ಅಂದೆ. “ಅಯ್ಯೋ, ನಲ್ಲೀನ ನಾನೇ ಬಿಡ್ತೀನಲ್ಲಮ್ಮ. ಅದು ಬಿಗಿ. ಮಕ್ಕಳ ಕೈಗೆ ಎಲ್ಲಿ ತಿರುಗತ್ತೆ?” ಅಂದರು.

ನಾನು ಅಲ್ಲೇ ನಿಂತುಬಿಟ್ಟೆ. ಕೈ ತೊಳೆಯುವುದನ್ನು ಕಲಿಸುವಾಗ ಅದನ್ನು ಹಂತ ಹಂತವಾಗಿ ಒಡೆದುಕೊಳ್ಳುತ್ತಾರೆ: ನಲ್ಲಿ ಬಿಡು, ಒದ್ದೆ ಮಾಡು, ಸೋಪು ತಗೋ, ಉಜ್ಜು, ತೊಳೆ, ನಲ್ಲಿ ನಿಲ್ಲಿಸು, ಒರೆಸು. ಏಳು ಹಂತ. ಪ್ರತಿ ಹಂತಕ್ಕೂ ಎಷ್ಟು ನೆರವು ಬೇಕಾಯಿತು ಅಂತ ಗುರುತು ಹಾಕುತ್ತಾರೆ: ಕೈಹಿಡಿದು ಮಾಡಿಸಿದ್ದು, ಮುಟ್ಟಿ ಸೂಚಿಸಿದ್ದು, ಬೆರಳು ತೋರಿಸಿದ್ದು, ಬಾಯಲ್ಲಿ ಹೇಳಿದ್ದು, ತಾನೇ ಮಾಡಿದ್ದು. ಮಿಸ್ ಬಾಗಿಲ ಹತ್ತಿರ ಹಾಳೆ ಹಿಡಿದು ನಿಲ್ಲುವ ಹೊತ್ತಿಗೆ ಸಾಲಾಗಿ ನಿಂತ ಮಕ್ಕಳಿಗಾಗಿ ಆಯಮ್ಮ ನಲ್ಲಿ ಬಿಟ್ಟಾಗಿರುತ್ತಿತ್ತು. ಕೊನೆಯಲ್ಲಿ ನಿಲ್ಲಿಸುತ್ತಿದ್ದದ್ದೂ ಅವರೇ. ಹಾಳೆಯಲ್ಲಿ ಇದ್ದದ್ದು ಐದೇ ಹಂತ. ಆ ಐದನ್ನೂ ಮಗಳು ನಿಜವಾಗಿ ತಾನೇ ಮಾಡುತ್ತಿದ್ದಳು. ಯಾರದೂ ಮೋಸ ಇಲ್ಲ. ನೀರು ಅಂದರೆ ತಾನಾಗಿ ಬರುವುದು ಅಂತ ಅವಳು ಕಲಿತದ್ದು ಮಾತ್ರ ನಾವ್ಯಾರೂ ಕಲಿಸಬೇಕೆಂದುಕೊಂಡದ್ದಲ್ಲ. ಈ ಸಂಗತಿ ಗೊತ್ತಿದ್ದದ್ದು ಒಬ್ಬರಿಗೆ. ಅವರನ್ನು ನಾಲ್ಕು ವರ್ಷದಲ್ಲಿ ಒಂದು ಸಭೆಗೂ ಕರೆದಿರಲಿಲ್ಲ.

ಮುಂದಿನ ಸಭೆಯಲ್ಲಿ ಇದನ್ನು ಹೇಳಿದೆ. ಕೈ ನಡುಗುತ್ತಿತ್ತು. ವಿಶೇಷ ಶಿಕ್ಷಕಿ ಮುಖ ಸಣ್ಣ ಮಾಡಿಕೊಂಡರು. ಆದರೆ ಕಾಗದ ಪಕ್ಕಕ್ಕಿಟ್ಟು, ಎದ್ದು ಹೋಗಿ ಆಯಮ್ಮನನ್ನು ಕರೆತಂದು ಕೂರಿಸಿದ್ದೂ ಅವರೇ. ಆವರೆಗೆ ನನಗೆ ಅವರ ಮೇಲಿದ್ದ ಸಿಟ್ಟು ಆ ಐದು ನಿಮಿಷದಲ್ಲಿ ಇಳಿಯಿತು. ಆ ವಾರವೇ ಒತ್ತಿದರೆ ನೀರು ಬರುವ ಉದ್ದ ಹಿಡಿಯ ನಲ್ಲಿ ಹಾಕಿಸಿದರು, ಹಾಳೆಯಲ್ಲಿ ಏಳೂ ಹಂತ ಬಂದವು. ಮನೆಯಲ್ಲಿ ತಿರುಗಿಸುವ ನಲ್ಲಿ ಇರುವುದರಿಂದ ಅದನ್ನೂ ಬೇರೆ ಗುರಿಯಾಗಿ ಬರೆದುಕೊಂಡರು. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ತಾನಾಗಿ ಬರುವುದಿಲ್ಲ ಎನ್ನುವುದು ನಮ್ಮ ಮಕ್ಕಳ ವಿಷಯದಲ್ಲಿ ದಿನವೂ ಕಾಣುವ ಸತ್ಯ. ಮನೆಯ ನಲ್ಲಿಯನ್ನು ಅವಳು ಮೊದಲ ಸಲ ತಿರುಗಿಸಿದ ದಿನದ ನನ್ನ ಡೈರಿ ಪುಟದಲ್ಲಿ ಎರಡೇ ಪದ ಇದೆ: ‘ನೀರು ಬಂತು.’

ಅಲ್ಲಿಂದ ಸಭೆ ನಿಧಾನವಾಗಿ ಬದಲಾಗಿದೆ. ಕರಡು ಒಂದು ವಾರ ಮೊದಲೇ ಡೈರಿಯಲ್ಲಿ ಬರುತ್ತದೆ. ಅದರ ಮೇಲೆ ನಾನು ಪೆನ್ಸಿಲ್‌ನಲ್ಲಿ ಗೀಚಿ ಕಳಿಸುತ್ತೇನೆ. ವ್ಯಾನಿನಲ್ಲಿ ಮಕ್ಕಳ ಜೊತೆ ಬರುವ ಅಕ್ಕನಿಂದಲೂ ಒಂದು ಸಾಲು ಬರೆಸಿಕೊಳ್ಳುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಸಭೆಯ ಮೊದಲ ಹತ್ತು ನಿಮಿಷ ಈಗ ಮಗಳದು. ಅವಳ ದಿನದ ಒಂದೊಂದು ಜಾಗದ ಫೋಟೊ ಕಾರ್ಡು ಮೇಜಿನ ಮೇಲೆ ಹರಡುತ್ತಾರೆ, ‘ಇಷ್ಟ’ ಮತ್ತು ‘ಬೇಡ’ ಅಂತ ಎರಡು ತಟ್ಟೆ. ಮೊದಲ ಸಲವೇ ಸ್ಪೀಚ್ ಥೆರಪಿ ಕೋಣೆಯ ಫೋಟೊ ತೆಗೆದು ‘ಬೇಡ’ದ ತಟ್ಟೆಗೆ ಹಾಕಿ, ಎರಡೂ ಕಿವಿ ಮುಚ್ಚಿಕೊಂಡಳು. ಹೋಗಿ ನೋಡಿದರೆ ಅಲ್ಲಿನ ಟ್ಯೂಬ್‌ಲೈಟು ಗುಂಯ್‌ಗುಡುತ್ತಿತ್ತು. ‘ಸಹಕರಿಸುವುದಿಲ್ಲ’ ಅಂತ ಒಂದು ವರ್ಷದಿಂದ ವರದಿಯಲ್ಲಿ ಬರುತ್ತಿದ್ದ ಸಾಲಿನ ಕಾರಣ ಅದಾಗಿತ್ತು. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 4ನೇ ವಿಧಿ, ಅಂಗವಿಕಲರಿಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ಅವರನ್ನೇ, ಮಕ್ಕಳನ್ನೂ ಸೇರಿಸಿ, ಕೇಳಬೇಕು ಅನ್ನುತ್ತದೆ. ಆ ವಿಧಿಯನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ತಟ್ಟೆ.

ಇನ್ನೂ ಸರಿಯಾಗದ್ದೂ ಇದೆ. ಶಾಲೆಯ ವಿಶೇಷ ಶಿಕ್ಷಣ ವಿಭಾಗ ಹೇಗೆ ನಡೆಯುತ್ತಿದೆ ಅಂತ ನೋಡಲು ಮೂರು ವರ್ಷದಿಂದ ಪೋಷಕರ ಸಮಿತಿ ಇದೆ, ನಾನೂ ಅದರಲ್ಲಿದ್ದೇನೆ. ಬರುವವರು ಯಾವಾಗಲೂ ಅದೇ ನಾಲ್ಕು ಜನ. ರಜೆ ಸಿಗುವವರು, ಮಾತಾಡಲು ಹಿಂಜರಿಯದವರು. ಅತಿ ಹೆಚ್ಚು ನೆರವು ಬೇಕಾದ ಮಕ್ಕಳ ತಾಯಂದಿರು ಮನೆ ಬಿಟ್ಟು ಬರಲಾರರು, ದಿನಗೂಲಿಯವರಿಗೆ ಬೆಳಿಗ್ಗೆ 11 ಆಗುವುದಿಲ್ಲ. ಅದೇ ಒಡಂಬಡಿಕೆಯ 33ನೇ ವಿಧಿ ಅಂಗವಿಕಲರು ಮತ್ತು ಅವರ ಸಂಘಟನೆಗಳು ಮೇಲ್ವಿಚಾರಣೆಯಲ್ಲಿ ಪೂರ್ತಿಯಾಗಿ ಭಾಗವಹಿಸಬೇಕು ಅನ್ನುತ್ತದೆ. ನಮ್ಮ ಸಮಿತಿಯಲ್ಲಿ ಸ್ವತಃ ಅಂಗವೈಕಲ್ಯ ಇರುವ ಒಬ್ಬ ದೊಡ್ಡವರೂ ಇಲ್ಲ. ಸಂಜೆ ಸಭೆ ಇಡಿ, ಬರಲಾಗದವರ ಮಾತನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳಿ, ಇದೇ ಶಾಲೆಯಲ್ಲಿ ಓದಿ ಹೋದವರನ್ನು ಕರೆಯಿರಿ ಅಂತ ಎರಡು ಸಲ ಬರೆದುಕೊಟ್ಟೆ. ‘ಪರಿಶೀಲಿಸಲಾಗುವುದು’ ಅಂತ ನಡಾವಳಿಯಲ್ಲಿದೆ. ಯಾವುದು ಆಯಿತು, ಯಾವುದು ಆಗಲಿಲ್ಲ, ಆಗದಿದ್ದರೆ ಯಾಕೆ ಅಂತ ಮುಂದಿನ ಸಭೆಯಲ್ಲಿ ಯಾರೂ ಓದಿ ಹೇಳುವುದಿಲ್ಲ. ಕೇಳಿ ಮರೆತರೆ ಜನ ಮುಂದಿನ ಸಲ ಬರುವುದನ್ನೇ ಬಿಡುತ್ತಾರೆ. ನಾಲ್ಕು ಜನ ಮೂರಾಗುವುದನ್ನು ಕಳೆದ ಸಲ ನೋಡಿದೆ.

ಹೊಸದಾಗಿ ಸೇರುವವರು ಒಂದು ಕೆಲಸ ಮಾಡಿ. ಶೇಕಡಾವಾರು ಬರೆದ ಸಾರಾಂಶಕ್ಕೆ ತೃಪ್ತರಾಗದೆ, ದಿನದ ಗುರುತು ಹಾಕಿದ ಮೂಲ ಹಾಳೆಯನ್ನೇ ಕೇಳಿ ನೋಡಿ. ಯಾರು ಗುರುತು ಹಾಕಿದರು, ಆಗ ಮಗುವಿನ ಪಕ್ಕದಲ್ಲಿ ಯಾರಿದ್ದರು ಅಂತ ಕೇಳಿ. ಸ್ವಲ್ಪ ಮುಜುಗರ ಆಗುತ್ತದೆ, ಆಗಲಿ.

ಡೈರಿಗೆ ಐದಕ್ಕೆ ಐದು. ಐಇಪಿ ಸಭೆಗೆ ನಾಲ್ಕು ವರ್ಷದ ಹಿಂದೆ ಒಂದು ಕೊಡುತ್ತಿದ್ದೆ, ಈಗ ನಾಲ್ಕು. ಸಮಿತಿಗೆ ಎರಡು. ಸಭೆಯ ಹಾಜರಿ ಪಟ್ಟಿಯಲ್ಲಿ ನಮ್ಮೆಲ್ಲರ ಹೆಸರು ಟೈಪ್ ಆಗಿರುತ್ತದೆ, ಆಯಮ್ಮನದು ಮಾತ್ರ ಈಗಲೂ ಕೆಳಗೆ ಪೆನ್ನಿನಲ್ಲಿ ಸೇರಿಸುತ್ತಾರೆ. ಅದು ಅಚ್ಚಾಗಿ ಬಂದ ದಿನ ಸಭೆಯ ಅಂಕವನ್ನು ಐದು ಮಾಡುತ್ತೇನೆ.