14 ಗಂಟೆ ಕೂರುವುದು: ಕಿಟಕಿಯಾ, ಐಲಾ, ಮತ್ತೆ ಉಳಿದ ಜಗಳಗಳು

ಹನ್ನೆರಡು ಗಂಟೆ ದಾಟುವ ವಿಮಾನ ಪ್ರಯಾಣ ಇದುವರೆಗೆ ಎಂಟು ಸಲ ಆಗಿದೆ. ಅಕ್ಕ ಸಮುದ್ರದಾಚೆ ಇದ್ದಾಳೆ, ಅದಕ್ಕೆ. ಎಂಟೂ ಸಲ ಎಕಾನಮಿಯೇ. ಮೊದಲ ಸಲ ಇಳಿಯುವಾಗ ಪಾದ ಊದಿ ಶೂ ಹತ್ತಲೇ ಇಲ್ಲ. ಲೇಸು ಬಿಚ್ಚಿಕೊಂಡೇ ಇಮಿಗ್ರೇಶನ್ ಸಾಲಿನಲ್ಲಿ ನಿಂತೆ. ಹೊರಗೆ ಕಾಯುತ್ತಿದ್ದ ಅಕ್ಕ ನನ್ನ ಕಾಲು ನೋಡಿ, "ಏನೋ ಇದು, ನಡ್ಕೊಂಡೇ ಬಂದ್ಯಾ?" ಅಂದಳು. ಅಲ್ಲಿಂದ ಪ್ರತಿ ಸಲವೂ ಒಂದೆರಡು ಸಂಗತಿ ಬದಲಾಯಿಸಿ ನೋಡುತ್ತಾ ಬಂದಿದ್ದೇನೆ.

ಆ ಮೊದಲ ಸಲ ಕೂತಿದ್ದು ಕಿಟಕಿ ಪಕ್ಕ. ನಿದ್ದೆಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಒರಗಲು ಗೋಡೆ ಇದೆ, ಯಾರೂ ತಟ್ಟಿ ಎಬ್ಬಿಸುವುದಿಲ್ಲ. ಗೋಡೆ ಮಾತ್ರ ತಣ್ಣಗಿರುತ್ತದೆ, ಆ ಕಡೆಯ ಭುಜ ಮರಗಟ್ಟಿದ ಹಾಗಾಗುತ್ತದೆ. ಅದಕ್ಕೊಂದು ಶಾಲು ಸಾಕು. ನಿಜವಾದ ತೊಂದರೆ ಬೇರೆ. ಟಾಯ್ಲೆಟ್‌ಗೆ ಹೋಗಬೇಕೆಂದರೆ ಪಕ್ಕದ ಇಬ್ಬರನ್ನು ಎಬ್ಬಿಸಬೇಕು. ನಾನು ಸಂಕೋಚದ ಮನುಷ್ಯ. ಎಬ್ಬಿಸುವುದು ಬೇಡ ಅಂತ ನೀರು ಕುಡಿಯಲಿಲ್ಲ. ಕುಡಿಯಲಿಲ್ಲವಾದ್ದರಿಂದ ಏಳುವ ಪ್ರಮೇಯವೂ ಬರಲಿಲ್ಲ. ಏಳು ಗಂಟೆ ಒಂದೇ ಭಂಗಿ! ಕಾಲು ಊದದೆ ಇನ್ನೇನಾಗುತ್ತೆ?

ಮುಂದಿನ ಸಲ ಐಲ್ ಸೀಟು, ಅಂದರೆ ಓಡಾಡುವ ದಾರಿಯ ಪಕ್ಕದ್ದು, ತಗೊಂಡೆ. ಬೇಕೆಂದಾಗ ಎದ್ದೆ, ಹಿಂದಿನವರೆಗೂ ನಡೆದು ಬಂದೆ, ಬಾಟಲಿ ಬಾಟಲಿ ನೀರು ಕುಡಿದೆ. ಕಾಲು ಸರಿಯಿತ್ತು. ನಿದ್ದೆ ಮಾತ್ರ ಒಟ್ಟು ಒಂದೂವರೆ ಗಂಟೆ ಇರಬಹುದು. ಕಣ್ಣು ಹತ್ತುವ ಹೊತ್ತಿಗೆ ಟ್ರಾಲಿ ಮೊಣಕೈಗೆ ಬಡಿಯುತ್ತದೆ, ಹೋಗಿ ಬರುವವರು ಭುಜ ಸವರಿಕೊಂಡು ಹೋಗುತ್ತಾರೆ, ಒಳಗಿನವರು "ಸಾರಿ, ಒಂದು ನಿಮಿಷ" ಅಂತಾರೆ. ಹಾಗಾಗಿ ಯಾವುದು ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನೇ ತಿರುಗಿ ಕೇಳುತ್ತೇನೆ: ಈ ಸಲ ಮಲಗುವ ಪ್ರಯಾಣವಾ, ಎಚ್ಚರ ಇರುವ ಪ್ರಯಾಣವಾ? ರಾತ್ರಿ ಹೊರಟು ಬೆಳಗ್ಗೆ ಇಳಿಯುವುದಾದರೆ ಕಿಟಕಿ. ಹಗಲಾದರೆ ಐಲ್. ದಿಂಬು, ಹೆಡ್‌ಫೋನ್ ಎಲ್ಲ ಆಮೇಲಿನ ಮಾತು.

ತುರ್ತು ಬಾಗಿಲ ಪಕ್ಕದ ಎಕ್ಸಿಟ್ ಸಾಲಿನಲ್ಲಿ ಒಮ್ಮೆ ಕೂತಿದ್ದೆ. ಕಾಲು ಚಾಚಲು ಜಾಗವೇನೋ ಬೇಕಾದಷ್ಟು. ಆದರೆ ಟ್ರೇ ಕೈಯಾಸರೆಯೊಳಗೆ ಇರುವುದರಿಂದ ಸೀಟೇ ಇಕ್ಕಟ್ಟು. ಬಾಗಿಲ ಹತ್ತಿರ ಚಳಿ ಜಾಸ್ತಿ, ಟೇಕಾಫ್ ಮತ್ತು ಲ್ಯಾಂಡಿಂಗ್ ಹೊತ್ತಿಗೆ ಬ್ಯಾಗು ಮೇಲೆ ಹೋಗಲೇಬೇಕು. ಮುಂದೆ ಗೋಡೆ ಇರುವ ಮೊದಲ ಸಾಲಿನಲ್ಲಿ ತೊಟ್ಟಿಲು ಕಟ್ಟುತ್ತಾರೆ, ಅಂದರೆ ಮಕ್ಕಳು ಪಕ್ಕದಲ್ಲೇ. ಬೈಯುವ ಹಾಗೂ ಇಲ್ಲ, ಪಾಪ, ಅವಕ್ಕೂ ಕಿವಿ ನೋಯುತ್ತದೆ. ಬಾಲದ ಕಡೆ ಕುಲುಕಾಟ ಹೆಚ್ಚು, ರೆಕ್ಕೆಯ ಹತ್ತಿರ ಕಡಿಮೆ. ಇದು ನನ್ನ ಹೊಟ್ಟೆಗೂ ಗೊತ್ತಾಗಿದೆ.

ಕತ್ತಿನ ದಿಂಬಿಗೆ ಸುರಿದಷ್ಟು ದುಡ್ಡು ಬೇರೆ ಯಾವುದಕ್ಕೂ ಸುರಿದಿಲ್ಲ. ಮೊದಲು ಕೊಂಡಿದ್ದು ಎಲ್ಲರ ಬ್ಯಾಗಿಗೂ ನೇತಾಡುವ ದಪ್ಪ ಫೋಮಿನದು. ಅಂಗಡಿಯಲ್ಲಿ ನಿಂತು ಹಾಕಿಕೊಂಡರೆ ಸ್ವರ್ಗ. ಸೀಟಿನಲ್ಲಿ ಕೂತ ಮೇಲೆ ಗೊತ್ತಾಗುವುದೇನೆಂದರೆ, ಕತ್ತಿನ ಹಿಂದಿನ ದಪ್ಪ ಭಾಗ ತಲೆಯನ್ನು ಮುಂದಕ್ಕೆ ತಳ್ಳುತ್ತದೆ. ನಿದ್ದೆ ಹತ್ತಿದ ತಕ್ಷಣ ಗಲ್ಲ ಎದೆಗೆ ಬಿತ್ತು. ಎರಡನೆಯದು ಒಳಗೆ ಗಟ್ಟಿ ಪಟ್ಟಿ ಇದ್ದು, ಮಫ್ಲರ್ ಥರ ಸುತ್ತಿಕೊಳ್ಳುವಂಥದ್ದು. ಒಂದು ಕಡೆಗೆ ಚೆನ್ನಾಗಿ ಆನಿಕೆ ಕೊಡುತ್ತದೆ. ಆದರೆ ಬೆವರು, ಜೊತೆಗೆ ಕತ್ತು ಮುರಿದವನ ಅವತಾರ. ಮೂರನೆಯದು ಗಾಳಿ ತುಂಬುವ ಸಾದಾ ದಿಂಬು, ಮೂರರಲ್ಲಿ ಅಗ್ಗದ್ದು. ಗೆದ್ದಿದ್ದು ಇದೇ, ಆದರೆ ಎರಡು ಷರತ್ತಿನ ಮೇಲೆ. ಗಾಳಿ ಅರ್ಧವೇ ತುಂಬಬೇಕು. U ಆಕಾರದ ದಿಂಬಿನ ತೆರೆದ ಕಡೆ ಕತ್ತಿನ ಹಿಂದಕ್ಕೆ ಬರುವ ಹಾಗೆ ತಿರುಗಿಸಿ ಹಾಕಿಕೊಳ್ಳಬೇಕು. ಆಗ ಗಲ್ಲದ ಕೆಳಗೆ ಆಸರೆ ಇರುತ್ತದೆ, ತಲೆ ಹಿಂದಕ್ಕೆ ಒರಗುತ್ತದೆ. ವಿಮಾನ ಮೇಲೇರಿದ ಮೇಲೆ ಗಾಳಿ ತುಂಬಿ. ವಿಮಾನದೊಳಗಿನ ಗಾಳಿಯ ಒತ್ತಡ ಕಡಿಮೆಯಾದ ಹಾಗೆ ಮೊದಲೇ ತುಂಬಿದ ಗಾಳಿ ಹಿಗ್ಗಿ ದಿಂಬು ಕಲ್ಲಾಗುತ್ತದೆ.

ಹೊಟ್ಟೆಯ ಕಥೆಯೂ ಇದೇ. ಹಾರುವಾಗ ಕ್ಯಾಬಿನ್ ಒಳಗಿನ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು. ಹೊಟ್ಟೆಯಲ್ಲಿರುವ ಗಾಳಿಯೂ ಹಿಗ್ಗುತ್ತದೆ. ಸೋಡಾ ಥರದ್ದು ಕುಡಿದ ಸಲ ಬೆಲ್ಟು ಸಡಿಲಿಸಬೇಕಾಯಿತು, ಬರೀ ನೀರು ಕುಡಿದ ಸಲ ಇಲ್ಲ. ಬೋಯಿಂಗ್ 787, ಏರ್‌ಬಸ್ ಎ350 ಥರದ ಹೊಸ ವಿಮಾನಗಳಲ್ಲಿ ಒತ್ತಡವನ್ನು 6,000 ಅಡಿಯ ಮಟ್ಟದಲ್ಲೇ ಇಡುತ್ತಾರೆ. ಅದರಲ್ಲಿ ಬಂದಾಗ ತಲೆನೋವು ಕಡಿಮೆ ಅನ್ನಿಸಿತು. ಆದರೆ ಅವತ್ತು ನಿದ್ದೆಯೂ ಚೆನ್ನಾಗಿತ್ತು. ಯಾವುದರ ಪುಣ್ಯವೋ!

ಗಾಳಿ ಮಾತ್ರ ಎಲ್ಲದರಲ್ಲೂ ಒಣ. ತೇವಾಂಶ ಸಾಮಾನ್ಯವಾಗಿ ಶೇ. 20ಕ್ಕಿಂತ ಕಡಿಮೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಒಮ್ಮೆ ನೋಡಿದೆ, ಕಣ್ಣಲ್ಲಿ ಮರಳು ಬಿದ್ದ ಹಾಗಾಯಿತು. ಕನ್ನಡಕವೇ ಸರಿ. ನಿದ್ದೆಗೆಂದು ಎರಡು ಗ್ಲಾಸ್ ವೈನ್ ಕುಡಿದ ಪ್ರಯೋಗವೂ ನಡೆದಿದೆ. ಬೇಗ ಕಣ್ಣು ಮುಚ್ಚಿತು, ಎರಡೇ ಗಂಟೆಗೆ ಎದೆ ಡವಡವ ಅಂತ, ಬಾಯಿ ಒಣಗಿ ಎಚ್ಚರವಾಯಿತು. ಆ ಎತ್ತರದ ಒತ್ತಡದಲ್ಲಿ ಕುಡಿದು ಮಲಗಿದರೆ ಆರೋಗ್ಯವಂತ ಯುವಕರಲ್ಲೂ ರಕ್ತದ ಆಮ್ಲಜನಕ ಇಳಿಯುತ್ತದೆ, ಎದೆಬಡಿತ ಏರುತ್ತದೆ ಅಂತ 2024ರಲ್ಲಿ ಜರ್ಮನಿಯ ಸಂಶೋಧಕರು ಹೇಳಿದ್ದನ್ನು ಆಮೇಲೆ ಓದಿದೆ. ಆ ಪ್ರಯೋಗ ಮತ್ತೆ ಮಾಡಿಲ್ಲ.

ಕಿವಿಗೆ ಬರೋಣ. ನಾಯ್ಸ್ ಕ್ಯಾನ್ಸೆಲಿಂಗ್ ಹೆಡ್‌ಫೋನ್ ಎಂಜಿನ್ನಿನ ಗುಂಯ್‌ಗುಡುವಿಕೆಯನ್ನು ಒರೆಸಿ ಹಾಕುತ್ತದೆ. ಒಂದೇ ಸಮನೆ ಬರುವ ತಗ್ಗು ಸದ್ದಿಗೆ ಅದು ನಿಸ್ಸೀಮ. ಹಿಂದಿನ ಸೀಟಿನ ಮಾತು, ಮಗುವಿನ ಅಳು ಮಾತ್ರ ಒಳಗೆ ನುಸುಳುತ್ತವೆ. ಕಾಸಿಗೆ ಸಿಗುವ ಫೋಮ್ ಇಯರ್‌ಪ್ಲಗ್ ಅಂಥ ಸದ್ದಿಗೆ ವಾಸಿ. ಕಿಟಕಿಗೆ ಒರಗಿ ಮಲಗುವವರಿಗಂತೂ ಹೆಡ್‌ಫೋನ್ ಬೇಡವೇ ಬೇಡ, ಗೋಡೆಗೆ ಒತ್ತಿ ಕಿವಿ ಕೆಂಪಾಗುತ್ತದೆ. ಹಾಗಾಗಿ ಕಿಟಕಿಗೆ ಇಯರ್‌ಪ್ಲಗ್, ಐಲ್‌ಗೆ ಹೆಡ್‌ಫೋನ್. ಇಳಿಯಲು ಶುರುವಾಗುವ ಮೊದಲೇ ಎದ್ದು ಕೂರುತ್ತೇನೆ. ನಿದ್ದೆಯಲ್ಲಿ ಉಗುಳು ನುಂಗುವುದು ಕಡಿಮೆ, ನುಂಗದಿದ್ದರೆ ಕಿವಿ ತೆರೆಯುವುದಿಲ್ಲ.

ಕಾಲಿನ ವಿಷಯಕ್ಕೆ ಮೂರು ಪ್ರಯಾಣ ಖರ್ಚಾಯಿತು. ಒಂದರಲ್ಲಿ ಬರೀ ನಡಿಗೆ, ಒಂದರಲ್ಲಿ ಬರೀ ಕಂಪ್ರೆಷನ್ ಸಾಕ್ಸ್ (ಕಾಲನ್ನು ಬಿಗಿಯಾಗಿ ಒತ್ತಿ ಹಿಡಿಯುವ ಉದ್ದ ಕಾಲುಚೀಲ), ಒಂದರಲ್ಲಿ ಎರಡೂ. ಸಾಕ್ಸ್ ಹಾಕಿದ ಎರಡೂ ಸಲ ಶೂ ಸಲೀಸಾಗಿ ಹತ್ತಿತು. ಬರೀ ನಡೆದ ಸಲ ಸ್ವಲ್ಪ ಬಿಗಿ. ಆದರೂ ಸಾಕ್ಸ್ ನಂಬಿ ಕೂತೇ ಇದ್ದ ಸಲ ಸೊಂಟ ಹಿಡಿದುಕೊಂಡಿತು, ಅದಕ್ಕೆ ಸಾಕ್ಸ್ ಏನು ಮಾಡೀತು? ಊತವೊಂದೇ ಅಲ್ಲ, ನಾಲ್ಕು ಗಂಟೆ ದಾಟುವ ಪ್ರಯಾಣದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಸ್ವಲ್ಪ ಏರುತ್ತದೆ. ಮೀನಖಂಡ ಆಡಿದಾಗಲೇ ರಕ್ತ ಮೇಲಕ್ಕೆ ತಳ್ಳಲ್ಪಡುವುದು. ಸಾಕ್ಸ್ ಕೊಳ್ಳುವ ಮುಂಚೆ ಪಾದದ ಮೇಲಿನ ಗಂಟು, ಮೀನಖಂಡ ಎರಡರ ಸುತ್ತಳತೆ ತಗೊಳ್ಳಿ. ನಾನು ಶೂ ಸೈಜು ನೋಡಿ ತಂದ ಮೊದಲ ಜೋಡಿ ಮೊಣಕಾಲ ಕೆಳಗೆ ದಾರ ಕಟ್ಟಿದ ಹಾಗೆ ಕೊರೆಯಿತು. ಕಾಲಿನ ರಕ್ತನಾಳದ ತೊಂದರೆ ಇದ್ದವರು, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿಯುವವರು ಡಾಕ್ಟರನ್ನು ಕೇಳದೆ ಹಾಕಬಾರದು.

ಜೆಟ್ ಲ್ಯಾಗ್‌ಗೆ, ಅಂದರೆ ಹೊಸ ಊರಿನ ಹೊತ್ತಿಗೆ ಮೈ ಹೊಂದದ ಕಾಟಕ್ಕೆ, ವಿಮಾನ ಹತ್ತಿದ ತಕ್ಷಣ ಗಡಿಯಾರ ಬದಲಾಯಿಸುವುದು, ಇಳಿದ ಮೇಲೆ ಬದಲಾಯಿಸುವುದು, ಎರಡೂ ನೋಡಿದೆ. ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಪೂರ್ವಕ್ಕೆ ಹಾರಿದರೆ ಕಷ್ಟ, ಪಶ್ಚಿಮಕ್ಕೆ ಸ್ವಲ್ಪ ಹಗುರ, ಅಷ್ಟೇ.

ಈಗ ರಾತ್ರಿ ಪ್ರಯಾಣವೆಂದರೆ ಕಿಟಕಿಯೇ. ಸಂಕೋಚಕ್ಕೂ ಒಂದು ದಾರಿ ಸಿಕ್ಕಿದೆ. ಕೂತ ತಕ್ಷಣ ಪಕ್ಕದವರಿಗೆ ಹೇಳಿಬಿಡುತ್ತೇನೆ: "ನಾನು ಮೂರು ಗಂಟೆಗೊಮ್ಮೆ ಏಳ್ತೀನಿ, ನಿಮ್ಮನ್ನ ಎಬ್ಬಿಸಿದ್ರೆ ಬೇಜಾರಿಲ್ಲ ತಾನೆ?" ಕಳೆದ ಸಲ ಐಲ್‌ನಲ್ಲಿದ್ದ ಅಜ್ಜಿಯೊಬ್ಬರು ನಕ್ಕು, "ಎಬ್ಬಿಸಪ್ಪ, ನನಗೂ ಏಳೋಕೆ ಒಂದು ನೆಪ ಬೇಕಿತ್ತು" ಅಂದರು. ಆಮೇಲೆ ಎರಡು ಸಲ ಅವರೇ ನನ್ನನ್ನು ಎಬ್ಬಿಸಿದರು.