ಕಾಳಾ, ಹಣ್ಣಾ, ಹೂವಾ, ನೀರಾ? ಕಾರವಾರದ ಬಾಲ್ಕನಿಯಲ್ಲಿ ಒಂದೂವರೆ ವರ್ಷ

ನಮ್ಮದು ಕಾರವಾರದಲ್ಲಿ ಮೂರನೇ ಮಹಡಿಯ ಮನೆ. ಎರಡು ಬಾಲ್ಕನಿ ಇವೆ. ಒಂದು ಪಶ್ಚಿಮಕ್ಕೆ, ಸಮುದ್ರದ ಕಡೆ. ಇನ್ನೊಂದು ಪೂರ್ವಕ್ಕೆ, ಹಿಂದಿನ ಹಿತ್ತಲಿನ ಮಾವು, ನುಗ್ಗೆ ಮರಗಳ ಕಡೆ. ನಾನು ಬೆಳೆದದ್ದು ಶಿರಸಿ ಹತ್ತಿರದ ತೋಟದ ಮನೆಯಲ್ಲಿ. ಬೆಳಿಗ್ಗೆ ಏಳುವಾಗ ಹಕ್ಕಿ ದನಿ ಕೇಳಲೇಬೇಕು. ಇಲ್ಲಿಗೆ ಬಂದ ಹೊಸದರಲ್ಲಿ ಕಾಗೆ ಮತ್ತು ಹೆದ್ದಾರಿಯ ಲಾರಿ ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ.

2024ರ ಅಕ್ಟೋಬರಿನಲ್ಲಿ ಹಕ್ಕಿಗೆ ಇಡಲು ಶುರು ಮಾಡಿದೆ. ಒಂದು ಬಾಲ್ಕನಿಯಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ. ಯಾವುದಕ್ಕೆ ಯಾರು ಬಂದರು ಅಂತ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆಯುತ್ತಾ ಹೋದೆ. ಮೊದಲೇ ಹೇಳಿಬಿಡುತ್ತೇನೆ: ನಿಮ್ಮಲ್ಲಿ ಒಂದೇ ಒಂದು ಸಾಮಾನು ಇಡುವಷ್ಟು ಜಾಗ ಇದ್ದರೆ ನೀರು ಇಡಿ. ಎರಡಕ್ಕೆ ಜಾಗ ಇದ್ದರೆ ಒಂದು ಹೂಗಿಡ. ಕಾಳು ಆಮೇಲೆ.

ನಾನು ಮಾತ್ರ ಎಲ್ಲರ ಹಾಗೆ ಕಾಳಿನಿಂದಲೇ ಶುರು ಮಾಡಿದ್ದೆ. 380 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ಒಂದು ಪ್ಲಾಸ್ಟಿಕ್ ಫೀಡರ್ ತರಿಸಿದೆ. ಮೇಲೆ ಉದ್ದನೆಯ ಕೊಳವೆ, ಕೆಳಗೆ ಅಗಲವಾದ ತಟ್ಟೆ. ಸಜ್ಜೆ, ನವಣೆ, ಅಕ್ಕಿ ನುಚ್ಚು ಸೇರಿಸಿ ತುಂಬಿದೆ. ನಾಲ್ಕನೇ ದಿನ ಎರಡು ಪಾರಿವಾಳ ಬಂದವು. ಮೂರನೇ ವಾರ ಎಣಿಸಿದರೆ ಹದಿನಾಲ್ಕು. ನಡುವೆ ಒಂದೆರಡು ಗುಬ್ಬಿ ಬಂದಿದ್ದವು, ಆದರೆ ಪಾರಿವಾಳಗಳ ರೆಕ್ಕೆ ಬಡಿತಕ್ಕೆ ಹೆದರಿ ಸರಳಿನ ಮೇಲೆ ಕೂತು ಹಾಗೇ ಹಾರಿ ಹೋದವು.

ತಪ್ಪು ಇದ್ದದ್ದು ಆ ತಟ್ಟೆಯಲ್ಲಿ. ಪಾರಿವಾಳ ನೆಲದ ಮೇಲೆ ನಡೆದಾಡುತ್ತಾ ತಿನ್ನುವ ಹಕ್ಕಿ. ಕಾಲೂರಲು ಅಗಲವಾದ ಜಾಗ ಸಿಕ್ಕರೆ ಅಲ್ಲೇ ನೆಲೆ ನಿಲ್ಲುತ್ತದೆ. ಕೆಳಗಿನ ಮನೆಯ ಅಮ್ಮ ಒಂದು ದಿನ ಮೆಟ್ಟಿಲ ಮೇಲೆ ಸಿಕ್ಕಿ ಹೇಳಿದರು: "ತಂಗಿ, ಹಕ್ಕಿಗೆ ಹಾಕು, ಬೇಡ ಅನ್ನೂದಿಲ್ಲ. ಆದ್ರೆ ನನ್ನ ಸೀರೆ ಮ್ಯಾಲೆ ಹಿಕ್ಕೆ ಬೀಳದ ಹಾಂಗೆ ನೋಡ್ಕೊ." ಅವರು ಹೇಳಿದ್ದು ನ್ಯಾಯವೇ ಆಗಿತ್ತು. ಸೀರೆಯ ಮಾತು ಅಷ್ಟೇ ಅಲ್ಲ. ಒಣಗಿದ ಪಾರಿವಾಳದ ಹಿಕ್ಕೆಯ ಪುಡಿ ದಿನಾ ಉಸಿರಲ್ಲಿ ಹೋದರೆ ಕೆಲವರಿಗೆ ಶ್ವಾಸಕೋಶದ ಕಾಯಿಲೆ ಬರುತ್ತದೆ. ಮುಂಬೈಯಲ್ಲಿ 2025ರಲ್ಲಿ ದಾದರಿನ ಕಬೂತರ್‌ಖಾನಾ, ಅಂದರೆ ಪಾರಿವಾಳಕ್ಕೆ ಕಾಳು ಹಾಕುವ ಜಾಗ, ಮುಚ್ಚಿಸಿದ್ದೂ ಇದೇ ಕಾರಣಕ್ಕೆ. ಅದೇ ದಿನ ಫೀಡರ್ ಇಳಿಸಿದೆ. ಪಾರಿವಾಳಗಳು ಬರುವುದು ನಿಲ್ಲಲು ಒಂದು ತಿಂಗಳೇ ಬೇಕಾಯಿತು.

ಆಮೇಲೆ ತೆಂಗಿನ ಕರಟ. ಅರ್ಧ ಕರಟಕ್ಕೆ ಮೂರು ತೂತು ಕೊರೆದು ದಾರ ಕಟ್ಟಿ ಪೂರ್ವದ ಬಾಲ್ಕನಿಯಲ್ಲಿ ತೂಗುಬಿಟ್ಟೆ. ಖರ್ಚಿಲ್ಲ. ಕಣ್ಣಿರುವ ಅರ್ಧವನ್ನೇ ತೆಗೆದುಕೊಳ್ಳಿ. ಮೂರು ಕಣ್ಣಿನಲ್ಲಿ ಒಂದು ಮೆತ್ತಗಿರುತ್ತದೆ. ಅದನ್ನು ಮೊಳೆಯಿಂದ ಚುಚ್ಚಿದರೆ ಒಳಗೆ ಬಿದ್ದ ನೀರು ಇಳಿದುಹೋಗುತ್ತದೆ. ಪಾರಿವಾಳ ಒಮ್ಮೆ ಬಂದು ಕೂರಲು ನೋಡಿತು, ಕರಟ ವಾಲಿತು, ಮತ್ತೆ ಬರಲಿಲ್ಲ. ಗುಬ್ಬಿಗೆ ನಂಬಿಕೆ ಬರಲು ಹನ್ನೊಂದು ದಿನ ಹಿಡಿಯಿತು. ಹನ್ನೆರಡನೇ ದಿನ ಒಂದು ಗಂಡು ಗುಬ್ಬಿ ಕರಟದ ಅಂಚಿನ ಮೇಲೆ ಕೂತು ಒಳಗೆ ಇಣುಕಿತು. ಮರುದಿನ ಜೊತೆಗೆ ನಾಲ್ಕು ಬಂದವು. ಪಶ್ಚಿಮದಲ್ಲೂ ಇಂಥದ್ದೇ ಒಂದು ಕಟ್ಟಿದ್ದೆ. ಅಲ್ಲಿ ಮಧ್ಯಾಹ್ನದ ಕಡಲ ಗಾಳಿಗೆ ಕರಟ ತೂಗಿ ತೂಗಿ ಕಾಳೆಲ್ಲ ಕೆಳಗೆ ಚೆಲ್ಲುತ್ತಿತ್ತು. ಹೀಗಾಗಿ ಕಡಲ ಕಡೆಯ ಬಾಲ್ಕನಿಗೆ ತೂಗು ಕರಟ ಬೇಡ.

ಕಾಳಿನ ಬಗೆಯಲ್ಲಿ ನನ್ನ ಮನಸ್ಸು ಗೆದ್ದದ್ದು ಭತ್ತದ ಕದಿರು. ನವೆಂಬರಿನಲ್ಲಿ ಅಂಕೋಲಾ ಕಡೆಯ ಗೆಳತಿ ತಮ್ಮ ಗದ್ದೆಯ ಎರಡು ಹಿಡಿ ಕದಿರು ತಂದುಕೊಟ್ಟಳು. ನಮ್ಮ ಊರಲ್ಲಿ ಹೊಸ್ತಿನ ಹಬ್ಬಕ್ಕೆ ಬಾಗಿಲಿಗೆ ಕದಿರು ಕಟ್ಟುತ್ತಾರಲ್ಲ, ಹಾಗೇ ಬಾಲ್ಕನಿಯ ಸರಳಿಗೆ ಕಟ್ಟಿದೆ. ಎರಡನೇ ದಿನವೇ ಗುಬ್ಬಿಗಳು ಬಂದವು. ಐದನೇ ದಿನ ರಾಟವಾಳ ಅನ್ನುವ ಪುಟ್ಟ ಹಕ್ಕಿ, ಒಟ್ಟಿಗೆ ಆರು. ಕಿಟಕಿಯ ಒಳಗೆ ನಿಂತು ನೋಡುತ್ತಿದ್ದೆ, ನಾಲ್ಕು ಅಡಿ ದೂರ ಇರಬಹುದು. ಗುಬ್ಬಿ ಒಂದು ಕಾಲಿನಿಂದ ದಂಟು ಹಿಡಿದು ತಲೆಕೆಳಗಾಗಿ ಜೋತು ಬೀಳುತ್ತದೆ. ಒಂದು ಕಾಳು ಕಿತ್ತು ಕೊಕ್ಕಿನ ನಡುವೆ ಅತ್ತಿತ್ತ ಉರುಳಿಸುತ್ತದೆ. ಹೊಟ್ಟು ಎರಡು ಹೋಳಾಗಿ ಬೀಳುತ್ತದೆ, ಅಕ್ಕಿ ಮಾತ್ರ ಒಳಗೆ ಹೋಗುತ್ತದೆ. ಇಷ್ಟೆಲ್ಲ ಆಗಲು ಎರಡು ಸೆಕೆಂಡ್ ಸಾಕು. ಪಾರಿವಾಳಕ್ಕೆ ಹೀಗೆ ಜೋತು ಬೀಳಲು ಬರುವುದಿಲ್ಲ. ಒಂದೇ ಕೊರತೆ, ಕದಿರು ಕೊಯ್ಲಿನ ಕಾಲಕ್ಕೆ ಮಾತ್ರ ಸಿಗುತ್ತದೆ. ನಾಲ್ಕು ಹಿಡಿ ಜಾಸ್ತಿ ತಂದು ಚೆನ್ನಾಗಿ ಒಣಗಿಸಿ ಡಬ್ಬಿಯಲ್ಲಿ ಮುಚ್ಚಿಟ್ಟರೆ ಫೆಬ್ರವರಿವರೆಗೂ ಬಳಸಬಹುದು.

ಅನ್ನ ಹಾಕಬಹುದಾ ಅಂತ ಸುಮಾರು ಜನ ಕೇಳುತ್ತಾರೆ. ಉಪ್ಪು, ಎಣ್ಣೆ ಸೇರದ ಅನ್ನ ಒಂದು ತುತ್ತು ಇಟ್ಟರೆ ತೊಂದರೆ ಇಲ್ಲ. ಊರಲ್ಲಿ ಆಯಿ ದಿನಾ ಊಟಕ್ಕೆ ಮೊದಲು ಅಂಗಳದ ಕಟ್ಟೆಯ ಮೇಲೆ ಒಂದು ತುತ್ತು ಕಾಗೆಗೆ ಇಡುತ್ತಾಳೆ. ಆದರೆ ಅಪಾರ್ಟ್‌ಮೆಂಟಿನಲ್ಲಿ ಅನ್ನ ಇಟ್ಟರೆ ಕಾಗೆ ಬರುತ್ತದೆ, ಕಾಗೆ ಇದ್ದಲ್ಲಿ ಚಿಕ್ಕ ಹಕ್ಕಿ ಬರುವುದಿಲ್ಲ. ಬ್ರೆಡ್, ಬಿಸ್ಕತ್ತು, ಖಾರಾ ಸೇವು ಬೇಡವೇ ಬೇಡ. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಜೊತೆಗೆ ಉಪ್ಪು.

ಹಣ್ಣಿನ ವಿಷಯ ಬರೆಯುವಾಗ ಈಗಲೂ ಮನಸ್ಸು ಭಾರವಾಗುತ್ತದೆ. ಪೂರ್ವದ ಬಾಲ್ಕನಿಯಲ್ಲಿ ಒಂದು ಮರದ ತುಂಡಿಗೆ ಮೊಳೆ ಹೊಡೆದು ಅರ್ಧ ಬಾಳೆಹಣ್ಣು ಚುಚ್ಚಿಡುತ್ತಿದ್ದೆ. ಪಪ್ಪಾಯಿಯನ್ನೂ ನೋಡಿದೆ. ಪಪ್ಪಾಯಿಗೆ ಇರುವೆ ಬೇಗ ಹತ್ತುತ್ತದೆ, ಮಧ್ಯಾಹ್ನಕ್ಕೆ ನೀರಾಗಿ ಸೋರುತ್ತದೆ. ಬಾಳೆಹಣ್ಣು ಸಂಜೆವರೆಗೂ ನಿಲ್ಲುತ್ತದೆ. ಊರಿಂದ ಬರುವ ಮಿಟ್ಲಿ ಬಾಳೆಯನ್ನು ಪಿಕಳಾರಗಳು ಎಷ್ಟು ಇಷ್ಟಪಟ್ಟವು ಅಂದರೆ ಬೆಳಿಗ್ಗೆ ಏಳು ಗಂಟೆಗೆ ಹಣ್ಣು ಇಲ್ಲದಿದ್ದರೆ ಸರಳಿನ ಮೇಲೆ ಕೂತು ಕರೆಯುತ್ತಿದ್ದವು. ಜುಟ್ಟು ನೆಟ್ಟಗೆ, ಕೆನ್ನೆಯ ಮೇಲೆ ಕುಂಕುಮದಷ್ಟು ಕೆಂಪು. ಹೆಣ್ಣು ಕೋಗಿಲೆ ಮೂರು ಸಲ ಬಂತು. ಕುಟ್ರ ಹಕ್ಕಿ ಒಂದೇ ಒಂದು ಸಲ.

2025ರ ಮಾರ್ಚಿನಲ್ಲಿ ಅದೇ ಪಿಕಳಾರ ಜೋಡಿ ಅದೇ ಬಾಲ್ಕನಿಯ ಮನಿಪ್ಲಾಂಟ್ ಬಳ್ಳಿಯೊಳಗೆ ಗೂಡು ಕಟ್ಟಿತು. ಬಟ್ಟಲಿನಂಥ ಚಿಕ್ಕ ಗೂಡು. ಮೂರು ಮೊಟ್ಟೆ, ಮೇಲೆಲ್ಲ ಕಂದು ಕೆಂಪು ಚುಕ್ಕೆ. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಹಕ್ಕಿಗೆ ಹತ್ತಿರದಲ್ಲೇ ಊಟ ಸಿಗಲಿ ಅಂತ ಹಣ್ಣನ್ನು ಗೂಡಿನ ಪಕ್ಕಕ್ಕೇ ಸರಿಸಿದೆ. ಮರಿ ಒಡೆದು ಐದು ದಿನ ಆಗಿತ್ತು. ಹಣ್ಣು ತಿನ್ನಲು ಬಂದ ಕಾಗೆ ಬಳ್ಳಿಯೊಳಗಿನ ಚಿಂವ್ ಚಿಂವ್ ಕೇಳಿತು. ನಾನು ಒಳಗಿಂದ ಓಡಿ ಬರುವಷ್ಟರಲ್ಲಿ ಗೂಡು ಖಾಲಿ. ಆ ಜೋಡಿ ಎರಡು ದಿನ ಕೊಕ್ಕಲ್ಲಿ ಹುಳ ಹಿಡಿದುಕೊಂಡು ಬಂದು ಗೂಡಿನ ಅಂಚಿನಲ್ಲಿ ಕೂತು ನೋಡುತ್ತಿತ್ತು.

ಕಾಗೆಯ ಮೇಲೆ ನನಗೆ ಸಿಟ್ಟಿಲ್ಲ, ಅದಕ್ಕೂ ಮರಿ ಇರುತ್ತದೆ. ಆದರೆ ಆ ಹಣ್ಣು ಇಟ್ಟವಳು ನಾನು. ಅದಕ್ಕೇ ಇದನ್ನು ಓದುವ ಎಲ್ಲರಿಗೂ ಕೇಳಿಕೊಳ್ಳುವುದು: ಬಾಲ್ಕನಿಯಲ್ಲಿ ಗೂಡು ಕಂಡ ದಿನವೇ ಹಣ್ಣು, ಕಾಳು, ಅನ್ನ ಎಲ್ಲ ಒಳಗೆ ತನ್ನಿ. ಗೂಡು ಕಟ್ಟಿದ ಹಕ್ಕಿ ತನ್ನ ಊಟ ತಾನೇ ಹುಡುಕಿಕೊಳ್ಳುತ್ತದೆ. ಮರಿಗೆ ಬೇಕಾಗುವುದು ಹುಳ, ಅದನ್ನು ನಾವು ಕೊಡಲು ಆಗುವುದಿಲ್ಲ.

ಇನ್ನು ಸೂರಕ್ಕಿ, ಹೂವಿನ ಮಕರಂದ ಹೀರುವ ಪುಟ್ಟ ಹಕ್ಕಿ. ಅದಕ್ಕೆ ಎರಡು ಬಗೆ ನೋಡಿದೆ. ಪಶ್ಚಿಮದ ಬಾಲ್ಕನಿಯಲ್ಲಿ ಸಕ್ಕರೆ ನೀರಿನ ಕೆಂಪು ಬಾಟಲಿ, ಪೂರ್ವದಲ್ಲಿ ಹೂಗಿಡ. ಬಾಟಲಿಗೆ ಒಂದು ಪಾಲು ಸಕ್ಕರೆ, ನಾಲ್ಕು ಪಾಲು ನೀರು. ಬೆಲ್ಲ, ಜೇನು, ಬಣ್ಣ ಏನೂ ಹಾಕಬಾರದು. ಏಪ್ರಿಲ್ ಸೆಕೆಗೆ ಎರಡನೇ ದಿನವೇ ನೀರು ಹುಳಿ ವಾಸನೆ ಹೊಡೆಯಿತು. ಇರುವೆ ಸಾಲುಗಟ್ಟಿ ಬಂತು. ಸೂರಕ್ಕಿ ಒಂದು ತಿಂಗಳಲ್ಲಿ ಎರಡು ಸಲ ಬಂದು, ಬಾಟಲಿ ಸುತ್ತ ಹಾರಿ, ವಾಪಸ್ ಹೋಯಿತು. ಆ ಬಾಟಲಿ ಮಾಡಿರುವುದು ಅಮೆರಿಕದ ಹಮ್ಮಿಂಗ್‌ಬರ್ಡ್‌ಗೆ. ಅದು ರೆಕ್ಕೆ ಬಡಿಯುತ್ತಾ ಗಾಳಿಯಲ್ಲೇ ನಿಂತು ಕುಡಿಯುತ್ತದೆ. ನಮ್ಮ ಸೂರಕ್ಕಿಗೆ ಕೂತು ಕುಡಿಯುವ ಅಭ್ಯಾಸ, ಕಾಲಿಗೆ ಒಂದು ಕಡ್ಡಿ ಬೇಕು.

ಹೂಗಿಡದ ಕಥೆಯೇ ಬೇರೆ. ಕೆಂಪು ದಾಸವಾಳ, ಕೇಪಳ, ದೊಡ್ಡ ಬಕೆಟ್ಟಿನಲ್ಲಿ ರತ್ನಗಂಧಿ. ಮೂರೂ ಸೇರಿ 250 ರೂಪಾಯಿ. ಸೂರಕ್ಕಿ ದಿನಕ್ಕೆ ಐದಾರು ಸಲ ಬರುತ್ತದೆ. ದಾಸವಾಳದ ಹೂವಿಗೆ ಮುಂದಿನಿಂದ ಬಾಯಿ ಹಾಕುವುದೇ ಇಲ್ಲ. ದಂಟಿನ ಮೇಲೆ ಕೂತು ಹೂವಿನ ಬುಡಕ್ಕೆ ಸೂಜಿಯ ಹಾಗೆ ಕೊಕ್ಕು ಚುಚ್ಚಿ ಮಕರಂದ ಹೀರುತ್ತದೆ. ಸಂಜೆ ಹೂ ಕಿತ್ತು ನೋಡಿದರೆ ಬುಡದಲ್ಲಿ ಸಣ್ಣ ಸೀಳು ಕಾಣಿಸುತ್ತದೆ. ಗಂಡು ಬಿಸಿಲಿಗೆ ತಿರುಗಿದಾಗ ನೆತ್ತಿಯ ಹಸಿರು ಒಂದು ಕ್ಷಣ ಮಿಂಚಿ ಮಾಯವಾಗುತ್ತದೆ. ಪಕ್ಕದಲ್ಲಿ ಲಿಂಬೆ ಮತ್ತು ಕರಿಬೇವಿನ ಕುಂಡ ಇವೆ. ಔಷಧಿ ಹೊಡೆಯುವುದನ್ನು ನಿಲ್ಲಿಸಿದ ಮೇಲೆ ಅವುಗಳ ಎಲೆಗೆ ಹುಳ ಬಂತು. ಹುಳ ಹೆಕ್ಕಲು ಟುವ್ವಿ ಹಕ್ಕಿ ಬಂತು. ಕರಿಬೇವಿನ ಕಪ್ಪು ಹಣ್ಣಿಗೆ ಪಿಕಳಾರ ಬಂತು. ನಾಲ್ಕು ಎಲೆ ತೂತಾದರೆ ಆಗಲಿ, ಅಲ್ವಾ?

ಈಗ ನೀರು. ಮೂರು ಪಾತ್ರೆ ನೋಡಿದೆ. ಸ್ಟೀಲ್ ಬೋಗುಣಿ ಬಿಸಿಲಿಗೆ ಕಾಯುತ್ತದೆ, ಕಾಲು ಜಾರುತ್ತದೆ. ಪ್ಲಾಸ್ಟಿಕ್ ಡಬ್ಬಿ ಆಳ ಜಾಸ್ತಿ, ಗಾಳಿಗೆ ಮಗುಚುತ್ತದೆ. ಮಣ್ಣಿನ ಅಗಲ ತಟ್ಟೆ, 70 ರೂಪಾಯಿ, ಮೂರರಲ್ಲಿ ಇದೇ ಒಳ್ಳೆಯದು. ನೀರು ತಂಪಾಗಿರುತ್ತದೆ, ತಳ ಒರಟಾಗಿರುವುದರಿಂದ ಹಕ್ಕಿಗೆ ಹಿಡಿತ ಸಿಗುತ್ತದೆ. ಎರಡು ಇಂಚಿಗಿಂತ ಜಾಸ್ತಿ ನೀರು ಬೇಡ. ನಡುವೆ ಒಂದು ಚಪ್ಪಟೆ ಕಲ್ಲು ಇಡಿ.

ನನ್ನ ಕ್ಯಾಲೆಂಡರಿನ ಲೆಕ್ಕ ಹೇಳುತ್ತೇನೆ. ಕಾಳಿಗೆ ಬಂದದ್ದು ನಾಲ್ಕು ಬಗೆಯ ಹಕ್ಕಿ. ಹಣ್ಣಿಗೆ ಐದು. ನೀರಿಗೆ ಹನ್ನೊಂದು. ಕಾರಣ ಸರಳ. ಕಾಳು ತಿನ್ನದ ಹಕ್ಕಿ ಬಹಳ ಇವೆ, ನೀರು ಬೇಡದ ಹಕ್ಕಿ ಕಡಿಮೆ. ಮಡಿವಾಳ ಹಕ್ಕಿ ಹುಳ ತಿನ್ನುವ ಹಕ್ಕಿ, ಕಾಳು ಇಟ್ಟರೆ ತಿರುಗಿಯೂ ನೋಡುವುದಿಲ್ಲ. ಆದರೆ ಬೇಸಿಗೆಯಲ್ಲಿ ದಿನಾ ಮುಸ್ಸಂಜೆ, ಬೇರೆ ಎಲ್ಲ ಹಕ್ಕಿ ಹೋದ ಮೇಲೆ, ಕೊನೆಗೆ ಬರುತ್ತದೆ. ಮೊದಲು ಅಂಚಿನ ಮೇಲೆ ಕೂತು ಬಾಲ ಎತ್ತಿ ಇಳಿಸುತ್ತದೆ. ಕಲ್ಲಿನ ಮೇಲೆ ಹಾರುತ್ತದೆ. ಎದೆ ಮುಳುಗಿಸಿ, ರೆಕ್ಕೆಯಿಂದ ನೀರನ್ನು ಬೆನ್ನ ಮೇಲೆ ಎರಚಿಕೊಳ್ಳುತ್ತದೆ. ಆಮೇಲೆ ಸರಳಿನ ಮೇಲೆ ಕೂತು ಒಂದೊಂದೇ ಗರಿ ತೀಡಿಕೊಂಡು, ಎರಡು ಸಾಲು ಹಾಡಿ ಹೋಗುತ್ತದೆ. ಆ ಹಾಡಿಗಾಗಿ ನಾನು ಸಂಜೆ ಚಹಾವನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿದ್ದೇನೆ. ಸೂರಕ್ಕಿ ಮಾತ್ರ ತಟ್ಟೆಗೆ ಇಳಿಯುವುದಿಲ್ಲ. ಗಿಡಕ್ಕೆ ನೀರು ಚಿಮುಕಿಸಿದಾಗ ಒದ್ದೆ ಎಲೆಗೆ ಮೈ ಉಜ್ಜಿಕೊಂಡು ಸ್ನಾನ ಮುಗಿಸುತ್ತದೆ.

ನೀರಿನ ಕೆಲಸ ಮಾತ್ರ ದಿನಾ ಇದೆ. ಇಲ್ಲಿನ ಕಾಗೆಗಳು ಮೀನು ಮಾರುಕಟ್ಟೆಯಿಂದ ತಂದ ಮುಳ್ಳು, ಒಣ ಚೂರನ್ನು ತಟ್ಟೆಯಲ್ಲಿ ನೆನೆಸಿ ತಿನ್ನುತ್ತವೆ. ಒಂದು ಗಂಟೆಯಲ್ಲಿ ನೀರು ನಾರುತ್ತದೆ. ಹಾಗಾಗಿ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಚೆಲ್ಲಿ, ತೆಂಗಿನ ನಾರಿನಿಂದ ತಿಕ್ಕಿ, ಹೊಸ ನೀರು ಹಾಕುತ್ತೇನೆ. ಸಾಬೂನು ಬೇಡ. ದಿನಾ ಬದಲಿಸಿದರೆ ಸೊಳ್ಳೆಯ ಭಯವೂ ಇಲ್ಲ, ಮೊಟ್ಟೆ ಸೊಳ್ಳೆಯಾಗಲು ಒಂದು ವಾರವಾದರೂ ಬೇಕು.

ಮಳೆಗಾಲಕ್ಕೆ ಲೆಕ್ಕವೇ ಬೇರೆ. ಇಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪಶ್ಚಿಮದ ಬಾಲ್ಕನಿಯಲ್ಲಿ ಇರಚಲು ಬಾಗಿಲವರೆಗೂ ಹೊಡೆಯುತ್ತದೆ. ಜೂನ್ ಎರಡನೇ ವಾರ ಕರಟದ ನವಣೆ ಎರಡೇ ದಿನಕ್ಕೆ ಮುದ್ದೆಯಾಗಿ ಬೂಷ್ಟು ಹಿಡಿಯಿತು. ಬೂಷ್ಟು ಹಿಡಿದ ಕಾಳು, ಅದರಲ್ಲೂ ಶೇಂಗಾ, ಹಕ್ಕಿಗೆ ವಿಷ. ಈಗ ಜೂನ್ ಒಂದಕ್ಕೆ ಕಾಳು ನಿಲ್ಲಿಸುತ್ತೇನೆ, ಅಕ್ಟೋಬರಿಗೆ ಮತ್ತೆ ಶುರು. ಉಳಿದ ತಿಂಗಳಲ್ಲೂ ದಿನಕ್ಕೆ ಎರಡೇ ಚಮಚ.

ಇದು 2026ರ ಮಾರ್ಚ್. ಹೋದ ವಾರ ಕೇಪಳದ ಪಕ್ಕದ ಬಳ್ಳಿಯಲ್ಲಿ ಮತ್ತೆ ಒಂದು ಪಿಕಳಾರ ಜೋಡಿ ನಾರು ತಂದು ಸುತ್ತುತ್ತಿದೆ. ಹಣ್ಣಿನ ಮೊಳೆ ಕಿತ್ತು ಒಳಗಿಟ್ಟಿದ್ದೇನೆ. ನೀರಿನ ತಟ್ಟೆಯನ್ನು ಪಶ್ಚಿಮದ ಬಾಲ್ಕನಿಗೆ ಸಾಗಿಸಿದ್ದೇನೆ. ಪೂರ್ವದ ಬಾಗಿಲಿಗೆ ಪರದೆ ಎಳೆದು, ಬಟ್ಟೆ ಒಣಗಿಸುವುದನ್ನೂ ಆಚೆ ಕಡೆಗೆ ಹಾಕಿಕೊಂಡಿದ್ದೇವೆ. ಇವತ್ತು ಬೆಳಿಗ್ಗೆ ಪರದೆಯ ಸಂದಿಯಿಂದ ನೋಡಿದೆ. ಎರಡು ಮೊಟ್ಟೆ ಇವೆ.