ಮೂರು ಮಳೆಗಾಲ ಕಂಡ ಟಿವಿ ಪೆಟ್ಟಿಗೆ

ಅಂಕ ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ಮೂರೂವರೆ. ಮೂರು ನನ್ನದು, ಅರ್ಧ ಆಯಿಯದು, ಅಂದರೆ ಅಮ್ಮನದು.

2023ರ ಮೇ ತಿಂಗಳಲ್ಲಿ ತಂದದ್ದು. ಅಂಗೈಯಷ್ಟು ಅಗಲದ ಕಪ್ಪು ಪೆಟ್ಟಿಗೆ. ಟಿವಿಯ ಹಿಂಬದಿಯ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿ ಇಂಟರ್ನೆಟ್ ಕೊಟ್ಟರೆ ಯೂಟ್ಯೂಬ್ ಮತ್ತು ಉಳಿದ ಆ್ಯಪ್‌ಗಳೆಲ್ಲ ಪರದೆಯ ಮೇಲೆ ಬರುತ್ತವೆ. ಬೆಲೆ 3,400 ರೂಪಾಯಿ. ಫೈಬರ್ ಸಂಪರ್ಕಕ್ಕೆ ತೆರಿಗೆ ಸೇರಿ ತಿಂಗಳಿಗೆ 707 ರೂಪಾಯಿ ಬೇರೆ. ಕೊಂಡ ವಾರವೇ ವಿಮರ್ಶೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಶಿರಸಿ ಕಡೆಯ ಮಳೆಯನ್ನು ಮೂರು ಸಲ ಕಂಡ ಮೇಲೆ ಬರೆದದ್ದು ನನಗೆ ಎಲ್ಲೂ ಸಿಗಲಿಲ್ಲ. ಹಾಗಾಗಿ ಇದು.

ನನಗೆ ಈಗ 49. ನನ್ನ ಓರಗೆಯವರು ನಾಲ್ಕು ಜನ ಸೇರಿದರೆ ಮಾತು ಎಲ್ಲಿಂದ ಹೊರಟರೂ ಹಳೆಯ ದೂರದರ್ಶನಕ್ಕೆ ಹೋಗಿ ಮುಟ್ಟುತ್ತದೆ. ಆಗ ನಾನು ಕವಳ ಹಾಕಿಕೊಂಡು ಸುಮ್ಮನೆ ಕುಳಿತಿರುತ್ತೇನೆ. ಶಿರಸಿ ಮತ್ತು ಸಿದ್ದಾಪುರದ ನಡುವೆ, ಮೂರು ಕಡೆ ಗುಡ್ಡ ಒತ್ತರಿಸಿದ ತೋಟದ ಕಣಿವೆಯಲ್ಲಿ ನಮ್ಮ ಮನೆ. ಮೇಲಿನ ಮನೆಯವರು ಅಡಿಕೆ ಮರದ ತುದಿಗೆ ಆಂಟೆನಾ ಕಟ್ಟಿದರೂ ತೆರೆಯ ಮೇಲೆ ಇರುವೆ ಹರಿದದ್ದಷ್ಟೇ ಕಂಡಿತಂತೆ. ಅಪ್ಪನಿಗೆ ಅಷ್ಟು ಸಾಕಾಯಿತು. "ಕಾಣದ್ದನ್ನು ನೋಡಲಿಕ್ಕೆ ದುಡ್ಡು ಏಕೆ?" ಎಂದರು. ನಮ್ಮ ಮನೆಗೆ ಟಿವಿ ಬಂದದ್ದು 2005ರಲ್ಲಿ, ಛಾವಣಿಯ ಮೇಲಿನ ಡಿಶ್ ಜತೆಗೆ. ಅಷ್ಟರಲ್ಲಿ ಊರೆಲ್ಲ ನೋಡಿ ಮುಗಿಸಿ ಕೈ ತೊಳೆದುಕೊಂಡಿತ್ತು.

ಏನೂ ಗೊತ್ತಿರಲಿಲ್ಲ ಎಂದಲ್ಲ. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಪೇಟೆಯವನು. ಅವನ ಅಪ್ಪನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಪ್ಪು-ಬಿಳುಪು ಟಿವಿ ಇತ್ತು. ಕಂಡದ್ದನ್ನೆಲ್ಲ ಊಟದ ಬಿಡುವಿನಲ್ಲಿ ನನಗೆ ಹೇಳುತ್ತಿದ್ದ. ಕಥೆಯೊಂದಕ್ಕೆ ಬಾಡಿಗೆ, ಆಯಾ ಕಾಲದಲ್ಲಿ ನನ್ನ ಕಿಸೆಯಲ್ಲಿದ್ದ ನೆಲ್ಲಿಕಾಯಿ ಅಥವಾ ಮುರುಗಲು ಹಣ್ಣು. ಅವನಿಗೆ ಹಿಂದಿ ಎಷ್ಟು ಬರುತ್ತಿತ್ತು ಎಂದು ಕೇಳುವ ಬುದ್ಧಿ ನನಗಿರಲಿಲ್ಲ. ಅಂದರೆ ನಾನು ದೂರದರ್ಶನವನ್ನು ಕಿವಿಯಿಂದ ನೋಡಿದವನು. ಈಗ ಕಣ್ಣಿನಿಂದ ನೋಡೋಣ ಎಂದು ಈ ಪೆಟ್ಟಿಗೆ.

ತಾಂತ್ರಿಕ ಸಂಗತಿ ಮುಗಿಸಿಬಿಡುತ್ತೇನೆ. ನಮ್ಮದು ಹಳೆಯ ಮನೆ, ಗೋಡೆ ಒಂದೂವರೆ ಅಡಿ ದಪ್ಪ. ರೂಟರ್ ಜಗುಲಿಯಲ್ಲಿ, ಟಿವಿ ಒಳಗಿನ ಕೋಣೆಯಲ್ಲಿ. ವೈಫೈನಲ್ಲಿ 5 ಗಿಗಾಹರ್ಟ್ಸ್ ಆರಿಸಿದರೆ ವೇಗ ಹೆಚ್ಚು ಎಂದು ಜೋಡಿಸಲು ಬಂದ ಹುಡುಗ ಹೇಳಿ ಹೋದ. ಆ ತರಂಗಕ್ಕೆ ಇಂಥ ಗೋಡೆ ದಾಟುವ ಶಕ್ತಿ ಕಡಿಮೆ, 2.4 ಗಿಗಾಹರ್ಟ್ಸ್‌ಗೆ ಬದಲಿಸಿದ ಮೇಲೆ ಚಿತ್ರ ನಿಂತು ನಿಂತು ಬರುವುದು ಅರ್ಧಕ್ಕೆ ಇಳಿಯಿತು. ಪೂರ್ತಿ ನಿಂತದ್ದು 20 ಮೀಟರ್ ಕೇಬಲ್ಲನ್ನು ತೊಲೆಯ ಮೇಲೆ ಹಾಯಿಸಿದಾಗ. ಹಳೆಯ ಮನೆಯವರು ಮೊದಲೇ ಕೇಬಲ್ ಹಾಕಿಸಿಕೊಳ್ಳಿ. ಸಿಡಿಲಿನ ಮಾತು ಇನ್ನೊಂದು. ಫೈಬರ್ ಎಂದರೆ ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ, ಆದ್ದರಿಂದ ಭಯವಿಲ್ಲ ಎಂದುಕೊಂಡಿದ್ದೆ. ಸಿಡಿಲು ಬಂದದ್ದು ಕರೆಂಟಿನ ತಂತಿಯಲ್ಲಿ. ಮೊದಲ ವರ್ಷದ ಅಕ್ಟೋಬರಿನಲ್ಲಿ ಒಂದು ಅಡಾಪ್ಟರ್ ಸುಟ್ಟಿತು. ಈಗ ಪಶ್ಚಿಮದ ಕಡೆ ಗುಡುಗಿದ ಕೂಡಲೇ ಆಯಿಯೇ ಹೋಗಿ ಪ್ಲಗ್ ಕೀಳುತ್ತಾರೆ.

ಕಂಪನಿಯ ಸೇವೆಯ ಬಗ್ಗೆ ಹೆಚ್ಚು ಹೇಳಿದರೆ ರಕ್ತದೊತ್ತಡ ಏರುತ್ತದೆ. 2024ರ ಜುಲೈನಲ್ಲಿ ಮತ್ತಿ ಮರ ಬಿದ್ದು ಕೇಬಲ್ ಹರಿಯಿತು. ಹನ್ನೊಂದು ದಿನ ಸಂಪರ್ಕವಿಲ್ಲ. ಐದನೆಯ ದಿನ ಮೊಬೈಲಿಗೆ ಸಂದೇಶ ಬಂತು: ನಿಮ್ಮ ದೂರು ಪರಿಹಾರವಾಗಿದೆ. ಮರ ಇನ್ನೂ ಕೇಬಲ್ಲಿನ ಮೇಲೆಯೇ ಮಲಗಿತ್ತು. ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದ ಸಮಯ ಅದು, ಮನೆಯಲ್ಲಿ ಯಾರಿಗೂ ಧಾರಾವಾಹಿ ನೋಡುವ ಮನಸ್ಸಿರಲಿಲ್ಲ. ಹಳೆಯ ರೇಡಿಯೊ ಕೆಳಗಿಳಿಸಿ ಸುದ್ದಿ ಕೇಳಿದೆವು. ಬಿಲ್ಲಿನಲ್ಲಿ ಹನ್ನೊಂದು ದಿನದ ಹಣ ಕಳೆಯಲಿಲ್ಲ ಎನ್ನುವುದನ್ನು ಮಾತ್ರ ಮರೆತಿಲ್ಲ. ಒಂದು ಅಂಕ ಅಲ್ಲಿ ಹೋಯಿತು.

ಇನ್ನು ನೋಡಿದ್ದರ ವಿಷಯ.

ಮೊದಲು ಹಿಡಿದದ್ದು ಬಿ.ಆರ್. ಚೋಪ್ರಾ ಅವರ 'ಮಹಾಭಾರತ'. 1988ರ ಅಕ್ಟೋಬರ್ 2ರಿಂದ 1990ರ ಜೂನ್ 24ರವರೆಗೆ ಭಾನುವಾರಗಳಲ್ಲಿ ಬಂದದ್ದು, 94 ಕಂತು. ನಾವು ದಿನಕ್ಕೊಂದರಂತೆ ಸುಮಾರು ಮೂರು ತಿಂಗಳಲ್ಲಿ ಮುಗಿಸಿದೆವು. ಅದರಲ್ಲಿ ಕಥೆ ಹೇಳುವುದು ಕಾಲಪುರುಷ. ನಕ್ಷತ್ರಗಳ ನಡುವೆ ಚಕ್ರ ಸುತ್ತುತ್ತದೆ, ದನಿಯಷ್ಟೇ ಕೇಳುತ್ತದೆ. "ಆಕಾಶದಲ್ಲಿ ಒಂದು ಚಕ್ರ ಇರುತ್ತದೆ, ಅದು ಮಾತನಾಡುತ್ತದೆ" ಎಂದು ಗೆಳೆಯ ಹೇಳಿದ್ದ. ನನಗೆ ಗೊತ್ತಿದ್ದ ದೊಡ್ಡ ಚಕ್ರ ಎಂದರೆ ನಮ್ಮ ಎತ್ತಿನ ಗಾಡಿಯದು. ಮೂವತ್ತೈದು ವರ್ಷ ನನ್ನ ತಲೆಯೊಳಗೆ ಮಹಾಭಾರತದ ಕಥೆ ಹೇಳಿದ್ದು ಕೀಲೆಣ್ಣೆ ಮೆತ್ತಿದ ಒಂದು ಗಾಡಿಚಕ್ರ, ಅಚ್ಚ ಕನ್ನಡದಲ್ಲಿ. ನಿಜವಾದದ್ದನ್ನು ಕಂಡಾಗ, ಸುಳ್ಳು ಏಕೆ ಹೇಳಲಿ, ಸ್ವಲ್ಪ ಸಪ್ಪೆ ಅನ್ನಿಸಿತು.

ಆಯಿಗೆ 78. ಅವರಿಗೆ ಮಹಾಭಾರತ ಎಂದರೆ ಯಕ್ಷಗಾನದ ಬಯಲಾಟ. ದುರ್ಯೋಧನ ಸಭೆಗೆ ಬಂದು ತೊಡೆ ತಟ್ಟಿ ಗರ್ಜಿಸಿದ. ಆಯಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ನೋಡಿದರು. "ತಮಾ, ಇವನು ಕೌರವನೋ?" ಎಂದರು. ಹೌದು ಎಂದೆ. "ಒಂದು ಹೆಜ್ಜೆಯನ್ನೂ ಹಾಕುವುದಿಲ್ಲವಲ್ಲ! ನಡೆದುಕೊಂಡು ಬಂದು ಕೂತುಬಿಟ್ಟ." ಗದಾಯುದ್ಧದ ಕೌರವನ ಪ್ರವೇಶಕ್ಕೆ ಕಾದು ನಡುರಾತ್ರಿ ದಾಟಿಸಿದವರಿಗೆ ಅದು ಅನ್ಯಾಯವೇ ಸರಿ. ಆದರೂ 94 ಕಂತನ್ನೂ ಬಿಡದೆ ನೋಡಿದರು. ಶಕುನಿಗೆ ಮಾತ್ರ ಪೂರ್ಣ ಅಂಕ ಕೊಟ್ಟರು.

ಯಕ್ಷಗಾನದಲ್ಲಿ ಪದ್ಯ ಹಾಡುತ್ತಿದ್ದ ಕಾಳಿಂಗ ನಾವಡರನ್ನು ಹುಡುಕಿದ್ದೂ ಆಯಿಗಾಗಿ. ಈ ಪೆಟ್ಟಿಗೆಯ ರಿಮೋಟಿಗೆ ಕನ್ನಡ ಅರ್ಥವಾಗುತ್ತದೆ ಎಂದು ಡಬ್ಬದ ಮೇಲೆ ಬರೆದಿದೆ. ಆಯಿ ಅದನ್ನು ಬಾಯಿಯ ಹತ್ತಿರ ಹಿಡಿದು "ಕಾಳಿಂಗ" ಎಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ತೆರೆಯ ತುಂಬ ಕಾಳಿಂಗ ಸರ್ಪ ಹೆಡೆಯೆತ್ತಿ ನಿಂತಿತು. ಹಿತ್ತಲಿನಲ್ಲಿ ಅದನ್ನು ನಿಜವಾಗಿ ಕಂಡವರು, ಟಿವಿಯಲ್ಲಿ ಕಂಡು ಹೆದರಲಿಲ್ಲ. ಆದರೆ ಅಂದಿನಿಂದ ಹಾವಿನ ವಿಡಿಯೊಗಳು ನಮ್ಮ ಮನೆಯ ಶಿಫಾರಸಿನ ಪಟ್ಟಿಯಿಂದ ಹೋಗಿಲ್ಲ. ಉಸಿರು ಹಿಡಿದು ಪೂರ್ತಿ ಹೆಸರು ಒಮ್ಮೆಲೇ ಹೇಳಬೇಕು, ಇದು ಕಲಿತ ಪಾಠ.

ನಾವಡರು ಸಿಕ್ಕರು. 1990ರಲ್ಲಿ, ಮೂವತ್ತೊಂದರ ವಯಸ್ಸಿಗೇ ತೀರಿಹೋದ ಭಾಗವತರು. ನನ್ನ ಓರಗೆಯ ಸಂಗೀತ ಯಾವುದು ಎಂದು ಕೇಳಿದರೆ ಬೆಂಗಳೂರಿನವರು 1987ರ 'ಪ್ರೇಮಲೋಕ' ಎನ್ನುತ್ತಾರೆ. ನಮ್ಮ ಕಡೆ ಅಂಗಡಿ, ಗದ್ದೆ, ಮದುವೆ ಮನೆ ಎಲ್ಲೆಲ್ಲೂ ತಿರುಗುತ್ತಿದ್ದದ್ದು ನಾವಡರ ಕ್ಯಾಸೆಟ್. ಈಗ ಸಿಗುವ ಧ್ವನಿಮುದ್ರಣಗಳಲ್ಲಿ ಹಲವು ಆ ಕ್ಯಾಸೆಟ್‌ಗಳಿಂದಲೇ ಇಳಿಸಿದವು. ಕಿವಿಗೊಟ್ಟರೆ ಗೊತ್ತಾಗುತ್ತದೆ: ಅರ್ಧ ಗಂಟೆಯ ಹೊತ್ತಿಗೆ ಪದ್ಯ ನಡುವೆಯೇ ಕಡಿದು 'ಟಕ್' ಎನ್ನುತ್ತದೆ, ಒಂದು ಕ್ಷಣ ಬರೀ ಸುಯ್ ಎನ್ನುವ ಸದ್ದು, ಆಮೇಲೆ ಚಂಡೆ ಮತ್ತೆ ಎದ್ದು ಬರುತ್ತದೆ. ಅದು ಬದಿ ತಿರುಗಿಸಿದ ಜಾಗ. ಆ 'ಟಕ್' ಬಂದಾಗ ಆಯಿಯ ಕೈ ತಾನಾಗಿ ಮುಂದೆ ಹೋಗುತ್ತದೆ, ಕ್ಯಾಸೆಟ್ ಮಗುಚಲು.

'ಪ್ರೇಮಲೋಕ'ವನ್ನೂ ನೋಡಿದೆ, ಹಾಡುಗಳಿಗಾಗಿ. ಹಂಸಲೇಖರ ಹಾಡುಗಳೆಲ್ಲ ನನಗೆ ಬರುತ್ತಿದ್ದವು, ಆದರೆ ಅರ್ಧರ್ಧ. ಕಾಲೇಜಿಗೆ ಹೋಗುವ ಟೆಂಪೊದಲ್ಲಿ ಕೇಳಿದವು. ನಾನು ಹತ್ತುವಾಗ ಹಾಡು ನಡುವಿನಲ್ಲಿರುತ್ತಿತ್ತು, ಇಳಿಯುವಾಗ ಇನ್ನೊಂದು ನಡುವಿನಲ್ಲಿರುತ್ತಿತ್ತು. ಎರಡನೆಯ ಚರಣಗಳನ್ನು 48ನೆಯ ವಯಸ್ಸಿನಲ್ಲಿ ಮೊದಲ ಸಲ ಕೇಳಿದೆ. ಸಿನಿಮಾದ ಬಗ್ಗೆ ನನಗೆ ಹೇಳುವಂಥದ್ದೇನೂ ಇಲ್ಲ.

ಪೆಟ್ಟಿಗೆಯ ಹಣ ಹುಟ್ಟಿದ್ದು 'ಮಾಯಾಮೃಗ'ದಲ್ಲಿ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಸೇರಿ ಮಾಡಿದ, 1998ರಲ್ಲಿ ಬೆಂಗಳೂರು ದೂರದರ್ಶನದಲ್ಲಿ ಬಂದ ಧಾರಾವಾಹಿ. ಕಳೆದ ಕೊಯ್ಲಿನಲ್ಲಿ ಅಡಿಕೆ ಸುಲಿಯುವವರು ರಾತ್ರಿ ಜಗುಲಿಯಲ್ಲಿ ಕೂತಾಗ ಟಿವಿಯನ್ನೇ ಹೊರಗೆ ತಂದಿಟ್ಟೆ. ಸುಲಿಯುವ ಕತ್ತಿಯ ಕರಕರ ಸದ್ದಿನ ನಡುವೆಯೂ ಒಂದು ಮಾತೂ ತಪ್ಪಬಾರದು. ದನಿ ಕಡಿಮೆಯಾದರೆ ಗದರುತ್ತಿದ್ದರು. ಒಂದು ಸಲ ಹೊತ್ತು ಉಳಿಸಲು ಶೀರ್ಷಿಕೆ ಗೀತೆಯನ್ನು ದಾಟಿಸಿದೆ. ನಾಲ್ಕು ಕತ್ತಿಗಳು ಒಟ್ಟಿಗೆ ನಿಂತವು. "ಹಾಡು ಹಾಕಿ, ಹೆಗಡೇರೆ" ಎಂದರು ಹಿರಿಯಾಕೆ. ಹಾಕಿದೆ. ಎಚ್.ಎಸ್. ವೆಂಕಟೇಶಮೂರ್ತಿಯವರ ಸಾಲುಗಳು ಅವು. 2025ರ ಮೇ ಕೊನೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ಅದೇ ಹಿರಿಯಾಕೆ ತೋಟದ ದಾರಿಯಲ್ಲಿ ಸಿಕ್ಕು, "ನಮ್ಮ ಹಾಡಿನವರು ಹೋದರಂತೆ" ಎಂದರು.

ಹಳೆಯ ಕಾರ್ಯಕ್ರಮ ನೋಡಬೇಕೆನ್ನುವವರಿಗೆ ಒಂದು ಎಚ್ಚರಿಕೆ. ಇವನ್ನು ಮಾಡಿದ್ದು 4:3 ಅಳತೆಯ ತೆರೆಗೆ. ಈಗಿನ ಅಗಲ ಟಿವಿಯಲ್ಲಿ ಎರಡೂ ಬದಿಗೆ ಕಪ್ಪು ಪಟ್ಟಿ ಬರಬೇಕು, ಅದು ಸರಿಯಾದ ಲಕ್ಷಣ. ಕೆಲವರು ಎಳೆದು ಅಗಲಿಸಿ ಏರಿಸಿರುತ್ತಾರೆ, ಭೀಷ್ಮನಿಗೂ ಕೆನ್ನೆ ಊದಿದಂತೆ ಕಾಣುತ್ತದೆ. ಟಿವಿಯ ಸೆಟ್ಟಿಂಗ್‌ನಲ್ಲಿ ಚಿತ್ರದ ಅಳತೆ ಬದಲಿಸಿದರೆ ಮುಖ ಸರಿಯಾಗುತ್ತದೆ. ಇನ್ನು ಕೆಲವು ಕಂತುಗಳು ಅರ್ಧಕ್ಕೇ ಮುಗಿಯುತ್ತವೆ, ನಡುವೆ ತುಂಡು ಹಾರಿರುತ್ತದೆ. ಹತ್ತು ಕಡೆ ಹುಡುಕಿದರೆ ಒಂದು ಪೂರ್ತಿಯದು ಸಿಗುತ್ತದೆ. ಇದು ಪೆಟ್ಟಿಗೆಯ ತಪ್ಪಲ್ಲ, ಅಂಕ ಕಳೆದಿಲ್ಲ.

'ಮಾಲ್ಗುಡಿ ಡೇಸ್' ಕೊನೆಗೆ ಉಳಿಸಿಕೊಂಡಿದ್ದೆ. ಆರ್.ಕೆ. ನಾರಾಯಣ್ ಅವರ ಕಥೆಗಳು, ಶಂಕರ್ ನಾಗ್ ನಿರ್ದೇಶನ, ಚಿತ್ರೀಕರಣ ಆಗುಂಬೆಯಲ್ಲಿ. ಗೆಳೆಯ ಹೇಳಿದ ಕಥೆಗಳಲ್ಲಿ ನನಗೆ ತೀರಾ ಹಿಡಿಸಿದ್ದು ಸ್ವಾಮಿ ಹುಲಿಯ ಜತೆ ಹೋರಾಡಿದ್ದು. ಹುಲಿ ಹಾರಿದ್ದು, ಸ್ವಾಮಿ ಮರ ಹತ್ತಿದ್ದು, ಮೇಲಿಂದ ಹುಲಿಯ ಬೆನ್ನ ಮೇಲೆಯೇ ಧುಮುಕಿದ್ದು. ಮೂರು ದಿನ ಹೇಳಿದ್ದ, ಮೂರು ದಿನದ ನೆಲ್ಲಿಕಾಯಿ ಕೊಟ್ಟಿದ್ದೆ. ಈಗ ನೋಡಿದರೆ ಹುಲಿಯೇ ಇಲ್ಲ! ಕಥೆಯಲ್ಲಿ ಹುಲಿ ಬರುವುದು ಸ್ವಾಮಿಯ ಅಪ್ಪ ಪತ್ರಿಕೆಯಲ್ಲಿ ಓದುವ ಸುದ್ದಿಯೊಳಗೆ ಮಾತ್ರ. ಯಾರೋ ಹುಡುಗ ಹುಲಿಯನ್ನು ಎದುರಿಸಿದನಂತೆ, ನಿನಗೆ ಧೈರ್ಯವಿದ್ದರೆ ಒಬ್ಬನೇ ಮಲಗು ಎಂದು ಅಪ್ಪ ಸವಾಲು ಹಾಕುತ್ತಾನೆ. ಸ್ವಾಮಿ ಹೆದರಿ ನಡುಗುತ್ತ ಮಲಗುತ್ತಾನೆ. ಕತ್ತಲಲ್ಲಿ ಬಂದ ಕಳ್ಳನ ಕಾಲು ಕಚ್ಚುತ್ತಾನೆ. ಅಷ್ಟೇ.

ಗೆಳೆಯ ಈಗ ಹುಬ್ಬಳ್ಳಿಯಲ್ಲಿದ್ದಾನೆ. ಈ ದೀಪಾವಳಿಗೆ ಊರಿಗೆ ಬಂದವನನ್ನು ಮನೆಗೆ ಕರೆದೆ. ತೊಡೆದೇವು ಮುಂದಿಟ್ಟು, ಏನೂ ಹೇಳದೆ ಆ ಕಂತು ಹಾಕಿದೆ. ಚಿತ್ರ ಒಮ್ಮೆಯೂ ನಿಲ್ಲದೆ ಬಂತು, ಅದಕ್ಕಾಗಿ ಪೆಟ್ಟಿಗೆಯನ್ನು ಮೆಚ್ಚಲೇಬೇಕು. ಅವನು ಮೊದಲಿನಿಂದ ಕೊನೆಯವರೆಗೆ ಕದಲದೆ ನೋಡಿದ. ಮುಗಿದ ಮೇಲೆ ಅವನ ಮುಖ ನೋಡಿದೆ. ಬೆರಳಿಗೆ ಅಂಟಿದ ತುಪ್ಪವನ್ನು ನಿಧಾನಕ್ಕೆ ಒರೆಸಿಕೊಂಡು ಹೇಳಿದ:

"ಇದು ಕತ್ತರಿಸಿದ್ದು ಮಾರಾಯ. ಆಗ ಹುಲಿ ಇತ್ತು."